ನೆಲದೊಳಗಿನ ಕಾಲುವೆಗಳ ನಗರ: ಬೀದರಿನಲ್ಲಿ ಎರಡು ರಾತ್ರಿಯ ಬಿಡುವು

ಹಳೆಯ ಊರೊಂದನ್ನು ನೋಡಿ ಬರುವುದಕ್ಕೂ ಅಲ್ಲಿ ಎರಡು ದಿನ ತಂಗಿರುವುದಕ್ಕೂ ಬಹಳ ಅಂತರವುಂಟು. ಹೈದರಾಬಾದಿನ ಕನ್ನಡಿಗರ ಪಾಲಿಗೆ ಬೀದರು ಬಹುಮಟ್ಟಿಗೆ ನೋಡಿ ಬರುವ ಊರಾಗಿಯೇ ಉಳಿದಿದೆ. ಸುಮಾರು 140 ಕಿಲೋಮೀಟರು ದೂರದ ಈ ನಗರಕ್ಕೆ ಬೆಳಿಗ್ಗೆ ಹೊರಟವರು ಕೋಟೆಯನ್ನು ಸುತ್ತಿ, ನಾನಕ್ ಝೀರಾದ ಗುರುದ್ವಾರದಲ್ಲಿ ಪ್ರಸಾದ ಸ್ವೀಕರಿಸಿ, ಒಂದೆರಡು ಬಿದರಿ ಸಾಮಾನುಗಳನ್ನು ಕೊಂಡು ರಾತ್ರಿಯೊಳಗಾಗಿ ಮನೆ ಸೇರಬಹುದು. ಈ ಸೌಕರ್ಯವೇ ಬೀದರಿನ ನಿಜವಾದ ಪರಿಚಯಕ್ಕೆ ಅಡ್ಡಿಯಾಗಿದೆಯೆಂದರೆ ತಪ್ಪಾಗಲಾರದು.

ಎರಡು ಊರುಗಳ ಸಂಬಂಧ ಇಂದು ನಿನ್ನೆಯದಲ್ಲ. 1956ರ ನವೆಂಬರ್ 1ರವರೆಗೆ ಅವು ಒಂದೇ ರಾಜ್ಯಕ್ಕೆ ಸೇರಿದ್ದುವು. ಪುನರ್ವಿಂಗಡಣೆಯಲ್ಲಿ ಬೀದರು ಜಿಲ್ಲೆಯೇ ಮೂರು ಪಾಲಾಯಿತು: ಬೀದರು, ಭಾಲ್ಕಿ, ಹುಮನಾಬಾದ್ ಭಾಗಗಳು ಮೈಸೂರಿಗೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ, ಉದ್ಗೀರ್, ನಿಲಂಗಾ ಮೊದಲಾದುವು ಮುಂಬಯಿ ರಾಜ್ಯಕ್ಕೂ ಹೋದುವು. ಅಂದಿನಿಂದ ಜಹೀರಾಬಾದಿನ ಆಚೆಗೆ ಗಡಿಯೊಂದು ಬಂದಿದೆ. ಆದರೂ ಹೈದರಾಬಾದಿಗೆ ಅತಿ ಸಮೀಪದ ಕರ್ನಾಟಕದ ಐತಿಹಾಸಿಕ ರಾಜಧಾನಿ ಬೀದರೇ ಆಗಿದೆ.

ವಿರಾಮವಾಗಿ ಒಂದು ಹಳೆಯ ನಗರದಲ್ಲಿ ಇರುವ ರೀತಿಯನ್ನು ಹಾಲೆಂಡಿನ ಕಾಲುವೆಗಳ ಊರುಗಳು ಪ್ರವಾಸಿಗೆ ಸುಲಭವಾಗಿ ಕಲಿಸುತ್ತವೆ. ಉಟ್ರೆಕ್ಟ್ ನಗರದಲ್ಲಿ ಹಳೆಯ ಕಾಲುವೆಯ ದಂಡೆ ಎರಡು ಅಂತಸ್ತಿನದು. ಮೇಲೆ ಬೀದಿ, ಕೆಳಗೆ ನೀರಿನ ಮಟ್ಟದಲ್ಲಿ ಕಟ್ಟೆ ಮತ್ತು ಸರಕು ಇಳಿಸುತ್ತಿದ್ದ ನೆಲಮಾಳಿಗೆಗಳು. ಪ್ರವಾಸಿಯು ಕಾಲುವೆಯನ್ನು ಅನುಸರಿಸಿ ನಡೆದರೆ ಸಾಕು, ಊರು ತಾನಾಗಿ ತೆರೆದುಕೊಳ್ಳುತ್ತದೆ. ಬೀದರೂ ಕಾಲುವೆಗಳ ನಗರವೇ ಹೌದು. ಆದರೆ ಇಲ್ಲಿಯ ಕಾಲುವೆ ಕಣ್ಣಿಗೆ ಬೀಳದು, ಅದು ನೆಲದೊಳಗಿದೆ. ಡಚ್ಚರಿಗೆ ನೀರು ಹೆಚ್ಚಾಗಿ ಅದನ್ನು ಹೊರಸಾಗಿಸುವುದೇ ಪ್ರಶ್ನೆಯಾಗಿತ್ತು; ಬೀದರಿನವರಿಗೆ ನೀರು ಕಡಮೆಯಾಗಿ ಅದನ್ನು ಹುಡುಕಿ ತರುವುದೇ ಪ್ರಶ್ನೆಯಾಗಿತ್ತು. ಒಂದೇ ವಸ್ತುವಿನ ಅತಿಯೂ ಅಭಾವವೂ ಎರಡು ನಗರಗಳನ್ನು ರೂಪಿಸಿದ ಬಗೆ ವಿಚಾರಯೋಗ್ಯವಾದುದು.

ಬೀದರು ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಸಮೀಪದಲ್ಲಿ ದೊಡ್ಡ ನದಿಯಿಲ್ಲ. ಜಂಬಿಟ್ಟಿಗೆ ರಂಧ್ರಮಯವಾದ ಕಲ್ಲು. ಮಳೆಯ ನೀರು ಅದರೊಳಗೆ ಇಂಗುತ್ತದೆ. ಅದರ ಅಡಿಯಲ್ಲಿರುವ ಗಟ್ಟಿಯಾದ ಕರಿಕಲ್ಲು ಆ ನೀರನ್ನು ಮುಂದೆ ಇಳಿಯಗೊಡದು. ಹೀಗೆ ಎರಡು ಕಲ್ಲುಗಳ ಸಂಧಿಯಲ್ಲಿ ನೀರು ಸಂಗ್ರಹವಾಗಿ, ಪ್ರಸ್ಥಭೂಮಿಯ ಅಂಚುಗಳಲ್ಲಿ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ ಎಂಬ ಮೂರು ಪುಣ್ಯಸ್ಥಳಗಳೂ ನೀರಿನ ಬಳಿಯಲ್ಲಿಯೇ ಬೆಳೆದಿರುವುದು ಆಕಸ್ಮಿಕವಲ್ಲ. ಸಿಖ್ಖರೂ ವೈಷ್ಣವರೂ ಶೈವರೂ ಇಲ್ಲಿ ಬೇರೆ ಬೇರೆ ಹೆಸರುಗಳಿಂದ ಒಂದೇ ನೀರನ್ನು ವಂದಿಸಿದ್ದಾರೆ.

ಝರಿಯನ್ನು ಕಾಯುತ್ತ ಕೂರದೆ ನೆಲದೊಳಗಿನ ನೀರನ್ನು ಬೇಕಾದೆಡೆಗೆ ನಡೆಸುವ ಉಪಾಯವೇ ಕರೇಜ್. ಜನರು ಇದನ್ನು ಸುರಂಗಬಾವಿಯೆಂದೂ ಕರೆಯುತ್ತಾರೆ. ಎತ್ತರದ ಸ್ಥಳದಲ್ಲಿ ಮೊದಲು ತಾಯಿಬಾವಿಯೊಂದನ್ನು ತೋಡಿ ನೀರಿನ ಮಟ್ಟವನ್ನು ಮುಟ್ಟಬೇಕು. ಅಲ್ಲಿಂದ ತಗ್ಗಿನ ಕಡೆಗೆ ಅತ್ಯಲ್ಪ ಇಳಿಜಾರಿನಲ್ಲಿ ಸುರಂಗವನ್ನು ಕೊರೆಯಬೇಕು. ನಡುನಡುವೆ ಮೇಲಿನಿಂದ ಇಳಿಸಿದ ಗಾಳಿಬಾವಿಗಳು ಕೆಲಸಗಾರರಿಗೆ ಉಸಿರನ್ನೂ ಬೆಳಕನ್ನೂ ಒದಗಿಸುವುವಲ್ಲದೆ, ಅಗೆದ ಮಣ್ಣನ್ನು ಮೇಲೆತ್ತಲೂ ಮುಂದೆ ಹೂಳು ತೆಗೆಯಲೂ ಸಹಾಯಕವಾಗುತ್ತವೆ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನು ಕೊರೆಯುತ್ತದೆ. ಕಡಮೆಯಾದರೆ ನಿಂತು ಹೂಳು ಕಟ್ಟುತ್ತದೆ. ಗೋಲ್ಕೊಂಡದಲ್ಲಿ ನೀರನ್ನು ಹಂತಹಂತವಾಗಿ ಮೇಲೆತ್ತಿ ಮಣ್ಣಿನ ಕೊಳವೆಗಳಲ್ಲಿ ಹರಿಸಿದರು. ಬೀದರಿನಲ್ಲಿ ನೀರು ಯಾರ ಕೈಯನ್ನೂ ಕಾಯದೆ ತನ್ನ ಭಾರದಿಂದಲೇ ನಡೆಯಿತು. ಸುರಂಗದೊಳಗೆ ಬಿಸಿಲು ತಾಗದುದರಿಂದ ನೀರು ಆರುವುದೂ ಅಪರೂಪ.

ಈ ವಿದ್ಯೆಯ ತವರು ಇರಾನು. 15ನೆಯ ಶತಮಾನದ ಮೂರನೆಯ ದಶಕದಲ್ಲಿ ಅಹಮದ್ ಶಾಹ ವಲಿಯು ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದನು. ಕಿರ್ಮಾನ್ ಪ್ರಾಂತದ ಸಂತ ಶಾಹ ನಿಅಮತುಲ್ಲಾನ ಮನೆತನದವರು ಅವನ ಕಾಲದಲ್ಲಿ ಇಲ್ಲಿಗೆ ಬಂದರು. ಅವರೊಡನೆ ಇರಾನಿನ ವಿದ್ವಾಂಸರೂ ಶಿಲ್ಪಿಗಳೂ ವರ್ತಕರೂ ಬಂದರು. ಕಿರ್ಮಾನಿನ ಬಾಳ್ವೆ ಇಂತಹ ಸುರಂಗಗಳ ನೀರನ್ನೇ ನೆಚ್ಚಿದುದು. ದೂರದಿಂದ ವಲಸೆ ಬಂದವರು ತಮ್ಮೊಡನೆ ತಂದ ಅರಿವು ನೆಲಸಿದ ಊರಿನ ದಾಹವನ್ನು ತಣಿಸಿತು. ಪರಊರಿನಲ್ಲಿ ನೆಲೆಸಿದ ಓದುಗರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇನ್ನು ಪ್ರವಾಸದ ಯೋಜನೆ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು, ಎಂದರೆ ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ, ಬಿಸಿಲಿನ ದೃಷ್ಟಿಯಿಂದಲೂ ನೀರಿನ ದೃಷ್ಟಿಯಿಂದಲೂ ಉತ್ತಮ. ವಿಕಾರಾಬಾದಿನ ಮೂಲಕ ರೈಲು, ಸಂಗಾರೆಡ್ಡಿ ಮತ್ತು ಜಹೀರಾಬಾದುಗಳ ಮೂಲಕ ರಸ್ತೆ ಇವೆ. ಎರಡು ರಾತ್ರಿ ತಂಗುವುದಾಗಿ ಮೊದಲೇ ನಿಶ್ಚಯಿಸಬೇಕು. ಬೆಳಿಗ್ಗೆಗೆ ಒಂದು, ಸಂಜೆಗೆ ಒಂದು ಎಂಬ ಮಿತಿಯನ್ನು ಮೀರಬಾರದು. ನಡುಹಗಲು ವಿಶ್ರಾಂತಿಗೆ ಮೀಸಲಾಗಿರಲಿ.

ಮೊದಲನೆಯ ಸಂಜೆಯನ್ನು ಹಳೆಯ ಊರಿಗೆ ಕೊಡಬೇಕು. ನಾಲ್ಕು ಬೀದಿಗಳು ಕೂಡುವ ಚೌಬಾರದ ದುಂಡು ಗೋಪುರದಿಂದ ಮಹಮೂದ್ ಗಾವಾನನ ಮದರಸಾಕ್ಕೆ ಕೆಲವೇ ನಿಮಿಷಗಳ ನಡಿಗೆ. 1472ರಲ್ಲಿ ಪೂರ್ಣಗೊಂಡ, 205 ಅಡಿ ಉದ್ದ 180 ಅಡಿ ಅಗಲದ ಈ ವಿದ್ಯಾಲಯದ ಮುಂಭಾಗದಲ್ಲಿ ನೀಲಿ ಹೆಂಚುಗಳ ಅವಶೇಷ ಇಂದಿಗೂ ಹೊಳೆಯುತ್ತದೆ. ಕಟ್ಟಿಸಿದ ಮಂತ್ರಿಯನ್ನು 1481ರಲ್ಲಿ ಸುಳ್ಳುಪತ್ರವೊಂದರ ನೆವದಿಂದ ಸುಲ್ತಾನನು ಕೊಲ್ಲಿಸಿದನು. ಕಟ್ಟಡದ ಒಂದು ಭಾಗ 1696ರಲ್ಲಿ ಸ್ಫೋಟಕ್ಕೆ ತುತ್ತಾಯಿತು. ಉಟ್ರೆಕ್ಟಿನಲ್ಲಿಯೂ 1674ರ ಬಿರುಗಾಳಿಗೆ ಪ್ರಧಾನ ಇಗರ್ಜಿಯ ನಡುಭಾಗ ಬಿದ್ದು ಗೋಪುರ ಒಂಟಿಯಾಗಿ ಉಳಿದಿದೆ. ಎರಡೂ ಊರುಗಳು ತಮ್ಮ ಭಂಗವನ್ನು ಮರೆಮಾಚಿಲ್ಲ. ಸುತ್ತಣ ಓಣಿಗಳಲ್ಲಿ ಬಿದರಿ ಕೆಲಸಗಾರರನ್ನು ನೋಡಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯಲ್ಲಿ ಗೆರೆ ಕೊರೆದು ಬೆಳ್ಳಿಯನ್ನು ಕೂರಿಸಿ, ಕಡೆಯಲ್ಲಿ ನವಸಾಗರ ಕೂಡಿಸಿದ ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ. ಮಣ್ಣು ಲೋಹವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟದು.

ಎರಡನೆಯ ದಿನದ ಬೆಳಿಗ್ಗೆ ಕೋಟೆಗೆ. ಇಲ್ಲಿಯ ಜಂಬಿಟ್ಟಿಗೆಯಲ್ಲಿಯೇ ಕಡಿದ ಮೂರು ಸಾಲಿನ ಕಂದಕವನ್ನು ಅವಸರವಿಲ್ಲದೆ ನೋಡಬೇಕು. ಒಳಗೆ ಹದಿನಾರು ಕಂಬದ ಮಸೀದಿಯೂ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ರಂಗೀನ್ ಮಹಲೂ ಇವೆ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ. ಸಂಜೆ ಅಲಿ ಬರೀದನ ಸಮಾಧಿಯ ತೋಟ ಹಿತಕರ. ನಾಲ್ಕು ಕಡೆಯೂ ತೆರೆದಿರುವ ಆ ಕಟ್ಟಡದ ಮೂಲಕ ಗಾಳಿ ತಡೆಯಿಲ್ಲದೆ ಹಾಯುತ್ತದೆ.

ಮೂರನೆಯ ಬೆಳಿಗ್ಗೆ ಅಷ್ಟೂರು ಅಥವಾ ನೌಬಾದು, ಎರಡರಲ್ಲಿ ಒಂದು. ಅಷ್ಟೂರಿನಲ್ಲಿ ಅಹಮದ್ ಶಾಹನ ಸಮಾಧಿಯ ಒಳಗೋಡೆ ಬಣ್ಣದ ಲಿಪಿಗಳಿಂದ ತುಂಬಿದೆ. ಅವನನ್ನು ಮುಸ್ಲಿಮರು ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದೂ ಭಾವಿಸುತ್ತಾರೆ. ಹೋಳಿಯ ಬಳಿಕ ನಡೆಯುವ ಉರುಸಿಗೆ ಮಡ್ಯಾಳದ ಜಂಗಮರು ಮುಂದಾಳುಗಳಾಗಿ ಬರುತ್ತಾರೆ. ನೌಬಾದಿನಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ಕರೇಜು ಇದೆ. ಹೊಲಗಳ ನಡುವಿನ ಅದರ ಗಾಳಿಬಾವಿಗಳ ಸಾಲನ್ನು ಅನುಸರಿಸಿ ನಡೆಯುವುದೆಂದರೆ ನೆಲದಡಿಯ ಕಾಲುವೆಯ ದಂಡೆಯಲ್ಲಿಯೇ ನಡೆದಂತೆ. ಕೋಟೆಯಂತೆ ಎದ್ದು ಕಾಣದ ಈ ಸಾಲನ್ನು ತೋರಿಸಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಕಾಣದಿರುವುದೇ ಈ ಕಾಲುವೆಗೆ ದೊಡ್ಡ ಅಪಾಯ. ಉಟ್ರೆಕ್ಟಿನಲ್ಲಿ ಕಾಲುವೆ ಕೆಟ್ಟರೆ ಊರಿಗೆಲ್ಲ ಕಾಣುತ್ತದೆ. ಅಲ್ಲಿ ರಸ್ತೆಗಾಗಿ ಬತ್ತಿಸಿದ್ದ ಹಳೆಯ ನಗರಕಂದಕದ ಭಾಗವನ್ನು ನಾಗರಿಕರು ಮತ ಕೊಟ್ಟು ಮರಳಿ ಪಡೆದರು, 2020ರಲ್ಲಿ ಅದು ಪುನಃ ನೀರಿನಿಂದ ತುಂಬಿತು. ಬೀದರಿನಲ್ಲಿ ಗಾಳಿಬಾವಿಯೊಂದು ಕಸದಿಂದ ಮುಚ್ಚಿದರೆ, ಅದರ ಮೇಲೆ ಗೋಡೆಯೆದ್ದರೆ, ಪಕ್ಕದಲ್ಲಿ ಆಳವಾದ ಕೊಳವೆಬಾವಿ ನೀರನ್ನು ಹೀರಿದರೆ, ಯಾರಿಗೂ ಸುದ್ದಿಯೇ ತಿಳಿಯದು. ವಿಶ್ವ ಸ್ಮಾರಕ ನಿಧಿಯು 2014ರ ತನ್ನ ಗಮನಪಟ್ಟಿಯಲ್ಲಿ ಬೀದರು ನಗರವನ್ನು ಸೇರಿಸಿತು. 2015ರ ಸುಮಾರಿಗೆ ನೌಬಾದಿನ ಸುರಂಗದ ಹೂಳು ತೆಗೆಯುವ ಕಾರ್ಯ ನಡೆಯಿತು. ಆದರೆ ಹೂಳು ಒಮ್ಮೆ ತೆಗೆದರೆ ತೀರುವ ವಸ್ತುವಲ್ಲ.

ಆದಕಾರಣ ವಿರಾಮದ ಪ್ರವಾಸವು ಇಲ್ಲಿ ಬರಿಯ ಸುಖದ ಮಾತಲ್ಲ. ಒಂದೇ ಹಗಲಿನಲ್ಲಿ ಓಡಿ ಬರುವವನಿಗೆ ಕಾಣುವುದು ನೆಲದ ಮೇಲೆ ನಿಂತಿರುವುದು ಮಾತ್ರ. ಎರಡು ರಾತ್ರಿ ಇರುವವನು ಈ ಊರು ನೀರನ್ನು ಎಲ್ಲಿಂದ ಕುಡಿಯಿತೆಂದು ಕೇಳಲು ಬಿಡುವು ಪಡೆಯುತ್ತಾನೆ. ಹಾಗೆ ಕೇಳುವವರ ಸಂಖ್ಯೆ ಬೆಳೆದಷ್ಟೂ ನೆಲದೊಳಗಿನ ಕಾಲುವೆಗೆ ಮೇಲಿನವರ ನೆನಪು ತಪ್ಪದು. ಹೈದರಾಬಾದಿನ ಕನ್ನಡಿಗರು ತಮ್ಮ ಮಕ್ಕಳನ್ನು ಕರೆದೊಯ್ಯಲು ಇದಕ್ಕಿಂತ ಹತ್ತಿರದ ಪಾಠಶಾಲೆ ಬೇರೆ ಇಲ್ಲ.