ಕಾಫಿ ಬೆಟ್ಟಗಳ ಶ್ರೋತೃ ಮತ್ತು ಬಾನುಲಿಯ ಸಂಗೀತ

ಸಂಗೀತದ ಆಸ್ವಾದನೆಯನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಸಭಾಂಗಣವನ್ನೂ ಅಲ್ಲಿ ಗಾಯಕನ ಎದುರು ಕುಳಿತ ರಸಿಕನನ್ನೂ ಮನಸ್ಸಿನಲ್ಲಿಟ್ಟುಕೊಂಡು ನಡೆದಿದೆ. ಮೈಸೂರು, ಬೆಂಗಳೂರು, ಧಾರವಾಡಗಳಂಥ ನಗರಗಳಿಗೆ ಇದು ಸಲ್ಲುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಕಾಫಿ ಬೆಟ್ಟಗಳಲ್ಲಿ ವಾಸಿಸುವವರ ಸ್ಥಿತಿ ಬೇರೆ. ಅಲ್ಲಿ ಮನೆಯಿಂದ ಮನೆಗೆ ದೂರ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಣ್ಣಿನ ಕೊಯ್ಲು ಮತ್ತು ಕಣದ ಕೆಲಸ. ನಗರದ ಕಛೇರಿಗಳ ಋತುವೂ ತೋಟದ ಕೊಯ್ಲಿನ ಋತುವೂ ಬಹುತೇಕ ಒಂದೇ ಆಗಿರುವುದರಿಂದ, ಸಂಗೀತ ಕೇಳಲು ಪ್ರಯಾಣ ಮಾಡುವ ಅವಕಾಶ ಇಲ್ಲಿಯವರಿಗೆ ಕಡಿಮೆ. ಆದಕಾರಣ ಬಹುಕಾಲ ಇವರಿಗೆ ಶಾಸ್ತ್ರೀಯ ಸಂಗೀತವು ಮುಖ್ಯವಾಗಿ ದೊರೆತದ್ದು ಬಾನುಲಿಯ ಮೂಲಕ.

ಪ್ರಸಾರದ ಸಂಗೀತವನ್ನು ಆಸ್ವಾದಿಸಲು ಶ್ರೋತೃವಿಗೆ ತಕ್ಕ ಪೂರ್ವಸಿದ್ಧತೆ ಅಗತ್ಯವೆಂದೂ, ಆ ಸಿದ್ಧತೆಯಲ್ಲಿ ವೃತ್ತಪತ್ರಿಕೆಯ ವಾರ್ತೆಗೆ ಸಹ ಪಾಲುಂಟೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಪ್ರಸಾರದ ಸಾಧನಗಳು ಬದಲಾಗುತ್ತಿರುವ ಈ ಕಾಲದಲ್ಲಿ ಬೆಟ್ಟಗಳ ಶ್ರೋತೃವಿಗೆ ಯಾವುದು ಉಳಿಯಬೇಕು ಎಂಬ ಪ್ರಶ್ನೆಯನ್ನೂ ಕೊನೆಯಲ್ಲಿ ಎತ್ತಿಕೊಳ್ಳುತ್ತೇವೆ.

೧. ಪ್ರಸಾರದ ಹಿನ್ನೆಲೆ

ಕನ್ನಡನಾಡಿನಲ್ಲಿ ಬಾನುಲಿಯು ಒಬ್ಬ ಅಧ್ಯಾಪಕರ ಮನೆಯಲ್ಲಿ ಹುಟ್ಟಿತೆಂಬುದು ಕಾಲೇಜಿನ ವಾಚಕರಿಗೆ ಸಂತೋಷದ ಸಂಗತಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ನಿವಾಸದಲ್ಲಿಯೇ ೩೦ ವ್ಯಾಟ್ ಶಕ್ತಿಯ ಪ್ರೇಷಕವೊಂದನ್ನು ಹೂಡಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ೩೦ ವ್ಯಾಟ್ ಎಂದರೆ ಒಂದು ಮಂದ ವಿದ್ಯುದ್ದೀಪಕ್ಕೆ ಸಾಲುವ ಶಕ್ತಿ. ಅದು ಕಳಸದ ಕಣಿವೆಯನ್ನು ಮುಟ್ಟುವ ಮಾತಿರಲಿಲ್ಲ. ಬೆಟ್ಟಗಳ ಶ್ರೋತೃವಿಗೆ ನೆರವಾದವು ಅನಂತರದ ಕೇಂದ್ರಗಳು: ೧೯೫೦ರಲ್ಲಿ ಧಾರವಾಡ, ೧೯೫೫ರಲ್ಲಿ ಬೆಂಗಳೂರು, ೧೯೬೫ರಲ್ಲಿ ಭದ್ರಾವತಿ, ೧೯೭೬ರಲ್ಲಿ ಮಂಗಳೂರು.

ಮೊದಲ ದಶಕಗಳಲ್ಲಿ ರೇಡಿಯೋ ಅನುಕೂಲಸ್ಥರ ವಸ್ತುವಾಗಿತ್ತು. ವಿದ್ಯುತ್ತಿಲ್ಲದ ಮನೆಯಲ್ಲಿ ವಾಲ್ವಿನ ಯಂತ್ರಕ್ಕೆ ದೊಡ್ಡ ಬ್ಯಾಟರಿ ಬೇಕು. ಹೊರಗೆ ಎತ್ತರದಲ್ಲಿ ತಂತಿ ಕಟ್ಟಬೇಕು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಪರವಾನಗಿಯ ಹಣ ಕಟ್ಟಬೇಕು. ಟ್ರಾನ್ಸಿಸ್ಟರ್ ಬಂದ ಮೇಲೆ ಸಣ್ಣ ಸೆಲ್ಲುಗಳಿಂದಲೇ ಯಂತ್ರ ನಡೆಯುವಂತಾಯಿತು. ಇದರಿಂದ ತೋಟದ ಬಂಗಲೆಯಲ್ಲಿ ಮಾತ್ರ ಕೇಳುತ್ತಿದ್ದ ಸಂಗೀತವು ಲೈನು ಮನೆಗಳಿಗೂ ಹಳ್ಳಿಯ ಅಂಗಡಿಗಳಿಗೂ ಇಳಿದು ಬರುವುದು ಸಾಧ್ಯವಾಯಿತು.

೨. ಬೆಟ್ಟ ಮತ್ತು ಅಲೆ

ಬೆಟ್ಟದ ನಾಡಿನಲ್ಲಿ ಬಾನುಲಿಯನ್ನು ಕೇಳುವವನು ಅಲೆಗಳ ಸ್ವಭಾವವನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಒಳ್ಳೆಯದು. ಭದ್ರಾವತಿ ಕೇಂದ್ರದ ಮಧ್ಯತರಂಗದ ಆವರ್ತನ ೬೭೫ ಕಿಲೋಹರ್ಟ್ಸ್. ಅಂದರೆ ಅದರ ಅಲೆಯ ಉದ್ದ ಸುಮಾರು ೪೪೪ ಮೀಟರ್. ಇಷ್ಟು ಉದ್ದದ ಅಲೆ ನೆಲವನ್ನು ಅನುಸರಿಸಿ, ಅಡ್ಡ ಬಂದ ಬೆಟ್ಟವನ್ನು ಬಳಸಿ, ಕಣಿವೆಗೆ ಇಳಿಯಬಲ್ಲುದು. ಬಾಬಾಬುಡನ್ ಗಿರಿಶ್ರೇಣಿಯು ಭದ್ರಾವತಿಗೂ ಚಿಕ್ಕಮಗಳೂರಿಗೂ ನಡುವೆ ನಿಂತಿದ್ದರೂ ಪ್ರಸಾರ ಪೂರ್ತಿ ನಿಂತುಹೋಗದಿರುವುದು ಈ ಕಾರಣದಿಂದ. ಎಫ್.ಎಂ. ಪ್ರಸಾರದ ಅಲೆಯ ಉದ್ದ ಕೇವಲ ೩ ಮೀಟರಿನಷ್ಟು. ಅದು ಬೆಳಕಿನಂತೆ ಬಹುತೇಕ ನೇರವಾಗಿ ಹೋಗುವುದರಿಂದ ಗುಡ್ಡದ ಹಿಂಬದಿಯಲ್ಲಿ ನೆರಳು ಬೀಳುತ್ತದೆ. ಒಂದೇ ತೋಟದ ಮೇಲಣ ಅಂಚಿನಲ್ಲಿ ಸ್ಫುಟವಾಗಿ ಕೇಳಿದ್ದು ಕೆಳಗಿನ ಹಳ್ಳದ ಬಳಿ ಕೇಳದಿರುವುದುಂಟು.

ಹಗಲಿಗೂ ರಾತ್ರಿಗೂ ವ್ಯತ್ಯಾಸವಿದೆ. ಹಗಲಿನಲ್ಲಿ ಅಯಾನುಮಂಡಲದ ಕೆಳಗಿನ ಪದರವು ಮಧ್ಯತರಂಗವನ್ನು ಹೀರಿಕೊಳ್ಳುತ್ತದೆ. ಸೂರ್ಯಾಸ್ತದ ಬಳಿಕ ಆ ಪದರ ಕ್ಷೀಣಿಸಿ, ಮೇಲಿನ ಪದರಗಳು ಅಲೆಯನ್ನು ಭೂಮಿಗೆ ಹಿಂದಿರುಗಿಸುತ್ತವೆ. ಹೀಗಾಗಿ ದೂರದ ಧಾರವಾಡವೂ ಬೆಂಗಳೂರೂ ರಾತ್ರಿ ಹತ್ತಿರವಾಗುತ್ತಿದ್ದವು. ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯ ಸಂಜೆಗಳಲ್ಲಿ ಮಾತ್ರ ಮಿಂಚಿನ ಸದ್ದು ಮಧ್ಯತರಂಗದೊಳಕ್ಕೆ ಧಾರಾಳವಾಗಿ ನುಗ್ಗುತ್ತದೆ.

ಮಧ್ಯತರಂಗದ ಪ್ರಸಾರದಲ್ಲಿ ಸಂಗೀತದ ಯಾವ ಅಂಶ ನಷ್ಟವಾಗುತ್ತದೆ? ಕೇಂದ್ರದಿಂದ ಕೇಂದ್ರಕ್ಕೆ ೯ ಕಿಲೋಹರ್ಟ್ಸ್ ಅಂತರ ಮಾತ್ರ ಇರುವುದರಿಂದ ಸಾಮಾನ್ಯ ಗ್ರಾಹಕಯಂತ್ರವು ೪ರಿಂದ ೫ ಕಿಲೋಹರ್ಟ್ಸಿಗೆ ಮೇಲ್ಪಟ್ಟ ನಾದವನ್ನು ಕಡಿದುಹಾಕುತ್ತದೆ. ಗಾಯಕನು ಹಾಡುವ ಸ್ವರಗಳ ಮೂಲಾವರ್ತನಗಳು ಈ ಮಿತಿಗಿಂತ ಬಹಳ ಕೆಳಗಿರುವುದರಿಂದ ರಾಗದ ರೂಪವೂ ಗಮಕವೂ ಸಾಹಿತ್ಯವೂ ಉಳಿಯುತ್ತವೆ. ತಂಬೂರಿಯ ಜೀವಾಳದಿಂದ ಹೊಮ್ಮುವ ಸೂಕ್ಷ್ಮ ಅನುಸ್ವರಗಳು, ಮೃದಂಗದ ಬಲಗಡೆಯ ಹೊಳಪು ಮಸುಕಾಗುತ್ತವೆ. ಇದನ್ನು ಅರಿತ ಶ್ರೋತೃ ನಾದಸೌಖ್ಯಕ್ಕಾಗಿ ಕಾಯದೆ ರಾಗದ ನಡೆಗೆ ಕಿವಿಗೊಡುತ್ತಾನೆ. ಬಾನುಲಿಯಿಂದ ಸಂಗೀತ ಕಲಿತವರಲ್ಲಿ ರಾಗವನ್ನು ಗುರುತಿಸುವ ಶಕ್ತಿ ಚೆನ್ನಾಗಿ ಬೆಳೆಯಲು ಇದೂ ಒಂದು ಕಾರಣವಿರಬಹುದು.

೩. ಮೂರು ಸಂಪ್ರದಾಯಗಳ ಸಂಧಿ

ಭೂಪಟವನ್ನು ನೋಡಿದರೆ ಕಾಫಿ ಬೆಟ್ಟಗಳಿಗೆ ಒಂದು ವಿಶೇಷ ಸ್ಥಾನವಿರುವುದು ತಿಳಿಯುತ್ತದೆ. ಆಗ್ನೇಯಕ್ಕೆ ಕರ್ನಾಟಕ ಸಂಗೀತದ ಮೈಸೂರು, ಬೆಂಗಳೂರು. ಉತ್ತರಕ್ಕೆ ಹಿಂದುಸ್ತಾನಿ ಸಂಗೀತದ ಧಾರವಾಡ. ಪಶ್ಚಿಮಕ್ಕೆ, ಘಟ್ಟದ ಕೆಳಗೆ, ಯಕ್ಷಗಾನದ ಕರಾವಳಿ. ಸ್ವಂತ ಸಂಗೀತಸಭೆಗಳು ವಿರಳವಾಗಿದ್ದ ಈ ಸೀಮೆಯಲ್ಲಿ ಯಂತ್ರದ ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗಬಹುದಾಗಿತ್ತು. ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್, ವೀಣೆಯ ವಿ. ದೊರೆಸ್ವಾಮಿ ಅಯ್ಯಂಗಾರ್ ಇವರು ಆಕಾಶವಾಣಿಯ ಸೇವೆಯಲ್ಲಿದ್ದ ವಿದ್ವಾಂಸರು. ಧಾರವಾಡ ಕೇಂದ್ರಕ್ಕೆ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ೧೯೫೨ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವು ಶನಿವಾರದ ರಾತ್ರಿಗಳಲ್ಲಿ ಎರಡೂ ಪದ್ಧತಿಗಳ ಹಿರಿಯರನ್ನು ದೇಶಕ್ಕೆಲ್ಲ ಕೇಳಿಸಿತು.

ಪ್ರಸಾರದ ವೇಳೆಯೂ ಆಸ್ವಾದನೆಯ ಮೇಲೆ ಪರಿಣಾಮ ಮಾಡಿದೆ. ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಪ್ರಹರಗಳ ನಿಯಮವುಂಟು. ನಗರದ ಕಛೇರಿಗಳು ಸಾಮಾನ್ಯವಾಗಿ ಸಂಜೆ ನಡೆಯುವುದರಿಂದ ತೋಡಿ, ಭೈರವ ಮೊದಲಾದ ಬೆಳಗಿನ ರಾಗಗಳೂ ಮಧ್ಯಾಹ್ನದ ಸಾರಂಗದ ಪ್ರಭೇದಗಳೂ ಅಲ್ಲಿ ಅಪೂರ್ವ. ಬಾನುಲಿಗೆ ಬೆಳಗಿನ ಮತ್ತು ಮಧ್ಯಾಹ್ನದ ಪ್ರಸಾರಗಳಿದ್ದುದರಿಂದ ಆ ರಾಗಗಳು ತಮ್ಮ ವೇಳೆಯಲ್ಲಿಯೇ ಕೇಳಿಬಂದವು. ಇದಕ್ಕೆ ಪ್ರತಿಯಾಗಿ ಕಾಲಾವಧಿಯ ಸಂಕೋಚವನ್ನು ಒಪ್ಪಿಕೊಳ್ಳಬೇಕಾಯಿತು. ಮೂರು ಗಂಟೆಯ ಕಛೇರಿಯಲ್ಲಿ ನಿಧಾನವಾಗಿ ಬೆಳೆಯುವ ಆಲಾಪನೆಯು ಅರ್ಧ ಗಂಟೆಯ ಪ್ರಸಾರದಲ್ಲಿ ಬೇಗ ಮುಗಿಯಬೇಕು. ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಿಂದ ನೇರವಾಗಿ ಪ್ರಸಾರವಾಗುವ ತ್ಯಾಗರಾಜರ ಪಂಚರತ್ನ ಕೃತಿಗಳು ಈ ವಿಷಯದಲ್ಲಿ ಅಪವಾದ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಈ ಐದು ಘನರಾಗಗಳು ಒಂದರ ಹಿಂದೆ ಒಂದು ಪೂರ್ಣವಾಗಿ ಬರುವುದರಿಂದ, ರಾಗಭೇದವನ್ನು ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯುವುದು ಕಷ್ಟ.

೪. ಕಾಣದ ನಾಟಕವನ್ನು ಕೇಳುವುದು

ಪಾಶ್ಚಾತ್ಯರ ಆಪೆರಾ ಗೀತ, ವಾದ್ಯ, ಅಭಿನಯ, ರಂಗಸಜ್ಜುಗಳು ಕೂಡಿದ ನಾಟಕ. ಬಾನುಲಿಯಲ್ಲಿ ಇವುಗಳಲ್ಲಿ ಅರ್ಧ ಕಾಣದಾಗುತ್ತದೆ. ಆದರೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ೧೯೩೧ರ ಡಿಸೆಂಬರ್ ೨೫ರಂದು ಹಂಪರ್ಡಿಂಕನ ‘ಹೆನ್ಸೆಲ್ ಮತ್ತು ಗ್ರೆಟೆಲ್’ ನಾಟಕದಿಂದ ಆರಂಭಿಸಿದ ಪ್ರಸಾರವು ಶನಿವಾರದ ವಾಡಿಕೆಯಾಗಿ ತಲೆಮಾರುಗಳವರೆಗೆ ನಡೆದು, ಆಪೆರಾ ಮಂದಿರವನ್ನು ಎಂದೂ ನೋಡದ ಅಸಂಖ್ಯಾತ ಶ್ರೋತೃಗಳನ್ನು ಸೃಷ್ಟಿಸಿತು. ಕಾಣದ ನಾಟಕವು ಅವರನ್ನು ಹೇಗೆ ಹಿಡಿದಿಟ್ಟಿತು?

ಈ ಪ್ರಶ್ನೆಗೆ ಉತ್ತರವನ್ನು ಮಲೆನಾಡಿನವರು ತಮ್ಮ ಅನುಭವದಿಂದಲೇ ಕೊಡಬಲ್ಲರು. ಯಕ್ಷಗಾನದಲ್ಲಿ ವೇಷ, ಕುಣಿತಗಳನ್ನು ಬಿಟ್ಟು ಹಾಡು, ವಾದ್ಯ, ಅರ್ಥಗಾರಿಕೆಗಳನ್ನು ಮಾತ್ರ ಉಳಿಸಿಕೊಂಡ ರೂಪವೇ ತಾಳಮದ್ದಳೆ. ಬಯಲಾಟಕ್ಕೆ ಎಡೆಯಿಲ್ಲದ ಮಳೆಗಾಲದಲ್ಲಿ ಇದು ಮನೆಯೊಳಗೆ, ದೇವಸ್ಥಾನದ ಚಾವಡಿಯಲ್ಲಿ ನಡೆಯುತ್ತದೆ. ಅಲ್ಲಿ ಕುಳಿತವರಿಗೆ ಕರ್ಣನ ಕಿರೀಟ ಕಾಣಿಸುವುದಿಲ್ಲ. ಭಾಗವತರ ಪದವೂ ಅರ್ಥಧಾರಿಯ ಮಾತೂ ಸೇರಿ ಕರ್ಣನನ್ನು ಮನಸ್ಸಿನಲ್ಲಿ ನಿಲ್ಲಿಸುತ್ತವೆ. ಪ್ರಸಂಗದ ಕಥೆ ಎಲ್ಲರಿಗೂ ಮೊದಲೇ ತಿಳಿದಿರುವುದರಿಂದ ಇದು ಸಾಧ್ಯವಾಗುತ್ತದೆ. ಆಪೆರಾವನ್ನು ಬಾನುಲಿಯಲ್ಲಿ ಕೇಳುವ ಕ್ರಮವೂ ಇದೇ. ಕಥಾಸಾರವನ್ನು ಮೊದಲು ಓದಿ, ಪಾತ್ರಗಳ ಕಂಠಭೇದವನ್ನು ಗುರುತಿಟ್ಟುಕೊಂಡರೆ ಭಾಷೆ ತಿಳಿಯದಿದ್ದರೂ ಭಾವ ತಿಳಿಯುತ್ತದೆ. ಏನನ್ನೂ ಓದದೆ ಕೇಳಿದವನಿಗೆ ಅದು ಸುದೀರ್ಘವಾದ ಗದ್ದಲವೆನಿಸಿದರೆ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ದಂಥ ಗೀತನಾಟಕಗಳು ಈ ಜಾತಿಗೆ ಸಮೀಪವಾದ ಕೃತಿಗಳು. ಅವರ ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ ಎಂಬ ಸಂಕಲನಕ್ಕೆ ೧೯೬೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ಓದುವುದರ ಜೊತೆಗೆ ಕೇಳುವುದನ್ನೂ ರೂಢಿಸಿಕೊಳ್ಳುವುದು ಉಚಿತ.

೫. ವಾರ್ತೆಯಿಂದ ಶ್ರವಣಕ್ಕೆ

ಸಂಗೀತಗಾರರನ್ನು ಕುರಿತ ವಾರ್ತೆಗಳು ಸಾಮಾನ್ಯವಾಗಿ ಪ್ರಶಸ್ತಿ, ಜಯಂತಿ, ನಿಧನ ಇವುಗಳಿಗೆ ಸಂಬಂಧಿಸಿದವು. ರಾಗದೊಳಗೆ ಏನಿದೆ ಎಂಬುದನ್ನು ವಾರ್ತೆ ಹೇಳಲಾರದು. ಆದರೆ ಕೇಳುವುದಕ್ಕೆ ಒಂದು ನಿಮಿತ್ತವನ್ನು ಒದಗಿಸಬಲ್ಲದು. ೨೦೦೮ರಲ್ಲಿ ಭೀಮಸೇನ ಜೋಶಿಯವರಿಗೆ ಭಾರತರತ್ನ ಘೋಷಣೆಯಾದ ವಾರ್ತೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರು ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರೆಂದೂ, ಗಂಗೂಬಾಯಿ ಹಾನಗಲ್ಲರೂ ಅದೇ ಗುರುವಿನ ಶಿಷ್ಯೆಯೆಂದೂ ಓದಿದ ವಿದ್ಯಾರ್ಥಿಗೆ ಸಹಜವಾಗಿ ಒಂದು ಪ್ರಶ್ನೆ ಹುಟ್ಟುತ್ತದೆ: ಒಬ್ಬ ಗುರುವಿನ ಇಬ್ಬರು ಶಿಷ್ಯರಲ್ಲಿ ಸಾಮ್ಯವೆಷ್ಟು, ಭೇದವೆಷ್ಟು? ಈ ಪ್ರಶ್ನೆಯನ್ನಿಟ್ಟುಕೊಂಡು ಕೇಳಿದರೆ ಕಿರಾನಾ ಘರಾಣೆಯಲ್ಲಿ ಒಂದೊಂದು ಸ್ವರದ ಮೇಲೆ ನಿಂತು ರಾಗವನ್ನು ಬೆಳೆಸುವ ಕ್ರಮ ಇಬ್ಬರಲ್ಲಿಯೂ ಸ್ಪಷ್ಟವಾಗುತ್ತದೆ. ಅನಂತರ ಮನ್ಸೂರರನ್ನು ಕೇಳಬೇಕು. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರಲ್ಲಿ ಕಲಿತ ಅವರ ಗಾಯನದಲ್ಲಿ ಅಪೂರ್ವ ರಾಗಗಳೂ ಲಯಕ್ಕೆ ಹೆಣೆದುಕೊಂಡ ತಾನುಗಳೂ ಪ್ರಧಾನ. ಹೀಗೆ ಒಂದು ವಾರ್ತೆಯ ತುಣುಕಿನಿಂದ ಎರಡು ಘರಾಣೆಗಳ ತುಲನೆಗೆ ಬಂದಂತಾಯಿತು.

ದೂರದ ಸಂಗೀತಕ್ಕೂ ಈ ಕ್ರಮ ಅನ್ವಯಿಸುತ್ತದೆ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ೧೯೪೯ರಲ್ಲಿ ತೀರಿಕೊಂಡ. ಅವನ ಕೊನೆಯ ನಾಲ್ಕು ಗೀತೆಗಳು ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ಮೊದಲು ಪ್ರಯೋಗಗೊಂಡಾಗ ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಟ್. ಅದಕ್ಕೆ ಹಣದ ಭರವಸೆಯಿತ್ತು ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಸ್ವತಃ ಕೃತಿಕಾರರಾಗಿದ್ದ ಇವರ ಹೆಸರು ಈ ಪ್ರಸಂಗದಲ್ಲಿ ಬರುವುದನ್ನು ತಿಳಿದ ಕನ್ನಡ ವಿದ್ಯಾರ್ಥಿಗೆ ಆ ಗೀತೆಗಳು ತೀರ ಪರಕೀಯವಾಗಿ ಉಳಿಯಲಾರವು.

೬. ಇಂದಿನ ಸ್ಥಿತಿ ಮತ್ತು ಕರ್ತವ್ಯ

ಇತ್ತೀಚಿನ ವರ್ಷಗಳಲ್ಲಿ ದೇಶದ ಮಧ್ಯತರಂಗ ಪ್ರೇಷಕಗಳಲ್ಲಿ ಅನೇಕವನ್ನು ನಿಲ್ಲಿಸಲಾಗಿದೆ. ಶಾಸ್ತ್ರೀಯ ಸಂಗೀತಕ್ಕೆಂದೇ ೨೦೧೬ರ ಜನವರಿ ೨೬ರಂದು ಬೆಂಗಳೂರಿನಿಂದ ಆರಂಭವಾದ ‘ರಾಗಂ’ ವಾಹಿನಿಯು ಉಪಗ್ರಹ ಮತ್ತು ಅಂತರಜಾಲಗಳ ಮೂಲಕ ಬರುತ್ತದೆ. ಇದರಲ್ಲಿ ಬೆಟ್ಟಗಳಿಗೆ ಒಂದು ಲಾಭವುಂಟು. ೯೩.೫ ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹವು ಚಿಕ್ಕಮಗಳೂರಿನಿಂದ ನೋಡಿದರೆ ಆಗ್ನೇಯದಲ್ಲಿ, ದಿಗಂತದಿಂದ ಸುಮಾರು ೬೪ ಡಿಗ್ರಿ ಎತ್ತರದಲ್ಲಿದೆಯೆಂದು ಲೆಕ್ಕದಿಂದ ತಿಳಿಯುತ್ತದೆ. ಅಷ್ಟು ಎತ್ತರದ ದಾರಿಗೆ ಗುಡ್ಡ ಅಡ್ಡಬರುವುದು ವಿರಳ. ಎಫ್.ಎಂ. ಮುಟ್ಟದ ಕಣಿವೆಯೂ ಇದರಿಂದ ಶುದ್ಧವಾದ ನಾದವನ್ನು ಪಡೆಯಬಹುದು. ಜಡಿಮಳೆಯಲ್ಲಿ ಮಾತ್ರ ಅಡಚಣೆ.

ನಷ್ಟವನ್ನೂ ಹೇಳಬೇಕು. ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಕೇಳಬಹುದಾಗಿತ್ತು. ಅದಕ್ಕೆ ಎರಡು ಸೆಲ್ಲುಗಳ ಹೊರತು ಬೇರೆ ಖರ್ಚಿರಲಿಲ್ಲ. ತಟ್ಟೆ, ದೂರದರ್ಶನ ಯಂತ್ರ, ವಿದ್ಯುತ್ತು, ಅಂತರಜಾಲದ ಸಂಪರ್ಕ ಇವೆಲ್ಲ ಇದ್ದವರಿಗೆ ಸಂಗೀತವು ಹಿಂದೆಂದಿಗಿಂತಲೂ ಹೇರಳವಾಗಿದೆ. ಇಲ್ಲದವರ ಪಾಲಿಗೆ, ಮುಖ್ಯವಾಗಿ ತೋಟದ ಕೆಲಸಗಾರರ ಮನೆಗಳಿಗೆ, ಮಧ್ಯತರಂಗ ನಿಂತರೆ ಇದ್ದದ್ದೂ ಹೋಗುತ್ತದೆ. ಸಾಧನವನ್ನು ಬದಲಾಯಿಸುವವರು ಈ ಶ್ರೋತೃವನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ನಷ್ಟ ಸೂಕ್ಷ್ಮವಾದುದು. ಬೇಕೆಂದಾಗ ಬೇಕಾದ್ದನ್ನು ಕೇಳಬಹುದಾದ ಕಡೆ ವೇಳೆಯ ನಿಯಮವಿಲ್ಲ. ಕಲಾವಿದರು, ರಾಗ, ತಾಳ, ರಚನಕಾರರ ಹೆಸರುಗಳನ್ನು ಸ್ಫುಟವಾಗಿ ಹೇಳುತ್ತಿದ್ದ ಉದ್ಘೋಷಕರ ಮಾತೂ ಎಷ್ಟೋ ವೇಳೆ ಇಲ್ಲ. ಈ ಕೊರತೆಯನ್ನು ಕಾಲೇಜುಗಳು ತುಂಬಿಕೊಡಬಹುದು. ವಾರಕ್ಕೊಂದು ಗೊತ್ತಾದ ವೇಳೆಯಲ್ಲಿ ಶ್ರವಣಗೋಷ್ಠಿ ನಡೆಸುವುದು, ಕೇಳಲಿರುವ ರಾಗವನ್ನಾಗಲಿ ಕಥೆಯನ್ನಾಗಲಿ ಕುರಿತು ಒಂದು ಪುಟದ ಟಿಪ್ಪಣಿಯನ್ನು ಮುಂಚಿತವಾಗಿ ಕೊಡುವುದು, ಆ ವಾರದ ವಾರ್ತೆಯೊಂದರಿಂದ ಪ್ರಶ್ನೆಯನ್ನು ಎತ್ತುವುದು, ಇಷ್ಟಕ್ಕೆ ಹೆಚ್ಚಿನ ವೆಚ್ಚವಿಲ್ಲ. ಸುತ್ತಲಿನ ಹಳ್ಳಿ, ತೋಟಗಳ ಆಸಕ್ತರಿಗೂ ಅಲ್ಲಿ ಪ್ರವೇಶವಿರಬೇಕು. ಒಬ್ಬ ಅಧ್ಯಾಪಕರ ಮನೆಯಲ್ಲಿ ೩೦ ವ್ಯಾಟ್‌ನಿಂದ ಮೊದಲಾದ ಕೆಲಸವನ್ನು ಮುಂದುವರಿಸುವ ಹೊಣೆ ಅಧ್ಯಾಪಕವರ್ಗಕ್ಕೆ ಸಲ್ಲುವುದು ನ್ಯಾಯವಾಗಿಯೇ ಇದೆ.