ಮಳೆಗಾಲದ ಮನೆಗೊಂದು ಹೆಡ್‌ಫೋನು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯವರಿಗೆ ಮಳೆಯ ಸದ್ದು ಹೊಸತಲ್ಲ. ಜೂನ್ ತಿಂಗಳಲ್ಲಿ ಹಿಡಿದ ಜಡಿ ಸೆಪ್ಟೆಂಬರಿನ ತನಕ ಹೆಂಚಿನ ಮೇಲೂ, ಈಚೆಗೆ ತಾರಸಿಗಳ ಮೇಲೆ ಹೊದಿಸಿರುವ ತಗಡಿನ ಮಾಡಿನ ಮೇಲೂ ಹೊಡೆಯುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಚಾವಡಿಯ ರೇಡಿಯೊ ಮಾತನಾಡುವುದೇನೋ ಉಂಟು, ಆದರೆ ಏನು ಹೇಳಿತೆಂದು ತಿಳಿಯುವುದಿಲ್ಲ. ಇದು ತರಂಗದ ದೋಷವಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಅದರ ಮಧ್ಯಮ ತರಂಗದ ಪ್ರೇಷಕ ನೆಲೆಗೊಂಡದ್ದು ನಮ್ಮ ಬ್ರಹ್ಮಾವರದಲ್ಲಿಯೇ. ದೂರದ ಊರಿನವರು ಗೊರಗೊರ ಶಬ್ದದ ನಡುವೆ ಹುಡುಕಿ ಕೇಳುತ್ತಿದ್ದುದನ್ನು ನಾವು ಅಂಗೈಯಲ್ಲಿಟ್ಟುಕೊಂಡಂತೆ ಕೇಳಿದವರು. ತೊಂದರೆಯೆಲ್ಲ ಮಾಡಿನ ಕೆಳಗಿನದು.

ನಮ್ಮ ಮನೆಯಲ್ಲಿ ಇದಕ್ಕೆ ಬಹುಕಾಲ ಒಂದೇ ಮದ್ದು ನಡೆದು ಬಂದಿತ್ತು. ಅಪ್ಪಯ್ಯ ಗುಂಡಿ ತಿರುಗಿಸುವರು, ರೇಡಿಯೊ ಕೂಗುವುದು, ಒಳಗೆ ಪರೀಕ್ಷೆಗೆ ಓದುತ್ತಿದ್ದ ನನ್ನ ಮಗಳು ಪುಸ್ತಕ ಮಗುಚಿಟ್ಟು ಹೊರಗೆ ಬಂದು, “ಅಜ್ಜಯ್ಯ, ಚೂರು ಸಣ್ಣ ಮಾಡಿ” ಎನ್ನುವಳು. ಅವರು ಸಣ್ಣ ಮಾಡಿ, ಐದು ನಿಮಿಷ ಕಾದು, ಮತ್ತೆ ದೊಡ್ಡದು ಮಾಡುವರು. ವಾರ್ತೆಯಾಗಲಿ ತಾಳಮದ್ದಳೆಯಾಗಲಿ, ಕೇಳುವವರಿಗೂ ಸುಖವಿಲ್ಲ, ಕೇಳದವರಿಗೂ ಸುಖವಿಲ್ಲ. ಕೊನೆಗೆ ಒಂದು ಹೆಡ್‌ಫೋನು ತರುವುದೆಂದಾಯಿತು. ತರುವುದು ಸುಲಭ, ಸರಿಯಾದದ್ದನ್ನು ತರುವುದು ಸುಲಭವಲ್ಲ ಎಂಬುದು ಆಮೇಲೆ ತಿಳಿಯಿತು.

ಮೊದಲು ಅದರ ಒಳಗುಟ್ಟನ್ನು ಸ್ವಲ್ಪ ನೋಡೋಣ. ಹೆಡ್‌ಫೋನಿನ ಪ್ರತಿಯೊಂದು ಬಟ್ಟಲಿನೊಳಗೂ ತೆಳ್ಳನೆಯ ಒಂದು ಪೊರೆ ಇರುತ್ತದೆ. ವಿದ್ಯುತ್ತು ಹರಿದಂತೆ ಅದು ಹಿಂದಕ್ಕೂ ಮುಂದಕ್ಕೂ ಅದುರುತ್ತದೆ. ಮುಂದಕ್ಕೆ ಹೋದ ಸದ್ದು ಕಿವಿಗೆ ಬಂತು. ಅಷ್ಟೇ ಸದ್ದು ಹಿಂದಕ್ಕೂ ಹೊರಡುತ್ತದಲ್ಲ, ಅದನ್ನೇನು ಮಾಡುವುದು? ಕೆಲವು ತಯಾರಕರು ಬಟ್ಟಲಿನ ಬೆನ್ನಿಗೆ ಜಾಲರಿಯಿಟ್ಟು ಅದನ್ನು ಹೊರಗೆ ಬಿಟ್ಟುಬಿಡುತ್ತಾರೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಹೊರತಂದ ಎಚ್‌ಡಿ 414 ಎಂಬ ಹೆಡ್‌ಫೋನಿನಿಂದ ಈ ಬಗೆ ಹೆಸರಾಯಿತು. ಸಂಗೀತ ವಿಶಾಲವಾಗಿ, ಕೋಣೆಯಲ್ಲಿ ಹರಡಿದಂತೆ ಕೇಳಿಸುತ್ತದೆಂದು ಅದಕ್ಕೆ ಮೆಚ್ಚುಗೆ. ಆದರೆ ಒಳಗಿನ ಸದ್ದು ಹೊರಗೆ ಹೋಗುವ ದಾರಿಯಲ್ಲೇ ಹೊರಗಿನ ಮಳೆಯೂ ಒಳಗೆ ಬರುತ್ತದೆ. ಇನ್ನೊಂದು ಬಗೆಯಲ್ಲಿ ಬೆನ್ನನ್ನು ಪೂರ್ತಿ ಮುಚ್ಚಿ, ಹಿಂದಕ್ಕೆ ಹೋದ ಸದ್ದನ್ನು ಒಳಗೇ ಅರಳೆಯಂಥದೋ ಸ್ಪಂಜಿನಂಥದೋ ಮೆತ್ತೆಯಲ್ಲಿ ಹೀರಿಸುತ್ತಾರೆ. ಅಂಗಡಿಯವರು ಇದಕ್ಕೆ ಕ್ಲೋಸ್ಡ್ ಬ್ಯಾಕ್ ಎನ್ನುತ್ತಾರೆ. ನಮ್ಮ ಹವೆಗೆ, ನಮ್ಮ ತುಂಬಿದ ಮನೆಗಳಿಗೆ ಇದೇ ಸರಿ.

ಹೆಡ್‌ಫೋನು ಹೊಸಗಾಲದ ಷೋಕಿ ಎಂದು ಹಿರಿಯರು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಮೆರಿಕದ ಯೂಟಾ ಪ್ರಾಂತದ ನೆಥಾನಿಯಲ್ ಬಾಲ್ಡ್‌ವಿನ್ 1910ರ ಹೊತ್ತಿಗೆ ತನ್ನ ಮನೆಯಲ್ಲೇ ಇವನ್ನು ಮಾಡಿ ಅಲ್ಲಿನ ನೌಕಾಪಡೆಗೆ ಮಾರಿದ್ದ. ಹರಳಿನ ರೇಡಿಯೊ ಇದ್ದ ಕಾಲದಲ್ಲಂತೂ ಹೆಡ್‌ಫೋನಿಲ್ಲದೆ ಕೇಳುವ ಉಪಾಯವೇ ಇರಲಿಲ್ಲ, ಏಕೆಂದರೆ ಆ ಯಂತ್ರಕ್ಕೆ ಧ್ವನಿ ಹಿಗ್ಗಿಸುವ ಶಕ್ತಿಯಿರಲಿಲ್ಲ. ಮನೆಮಂದಿಯೆಲ್ಲ ಕೇಳಬೇಕಾದರೆ ಹೆಡ್‌ಫೋನನ್ನು ಒಂದು ಬಟ್ಟಲಿನಲ್ಲಿಟ್ಟು ಸುತ್ತ ಕೂರುತ್ತಿದ್ದರು. ಈಗ ಕಾಲ ತಿರುಗಿದೆ. ಯಂತ್ರಕ್ಕೆ ಗಂಟಲು ಬೇಕಷ್ಟು ದೊಡ್ಡದಾಗಿದೆ, ಅದನ್ನು ಒಬ್ಬರ ಕಿವಿಗೆ ಮಾತ್ರ ಹೇಳಿಸುವುದೇ ಕಷ್ಟವಾಗಿದೆ.

ನಾವು ಮೊದಲು ತಂದದ್ದರ ಕತೆ ಹೇಳಿಬಿಡುತ್ತೇನೆ. ಪೇಟೆಯ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ದೊಡ್ಡ ಬಟ್ಟಲುಗಳ, ಕಪ್ಪು ಮೆರುಗಿನ ಒಂದನ್ನು ನನ್ನ ತಲೆಗೇರಿಸಿ, ಯಾವುದೋ ಸಿನಿಮಾ ಹಾಡು ಹಾಕಿ, “ಬೇಸ್ ಹೇಗಿದೆ ಸಾರ್?” ಎಂದ. ಎದೆಯೊಳಗೆ ಒನಕೆ ಹಾಕಿದಂತೆ ಇತ್ತು. ಒಳ್ಳೆಯ ಮಾಲಿರಬೇಕೆಂದು ತಂದೆ. ಅಪ್ಪಯ್ಯನಿಗೆ ಅದರಲ್ಲಿ ವಾರ್ತೆ ಓದುವವರ ಮಾತು ಹಂಡೆಯೊಳಗಿನಿಂದ ಬಂದಂತೆ ಕೇಳಿಸಿತು. ಭಾಗವತರ ಪದ ಮದ್ದಳೆಯ ಅಡಿಯಲ್ಲಿ ಸಿಕ್ಕಿಕೊಂಡಿತು. ಅದೂ ಸಾಲದೆ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತೆಯ ಮೇಲಿನ ಹೊದಿಕೆ ಚೂರುಚೂರಾಗಿ ಎದ್ದು, ಅವರ ಬಿಳಿಯ ಬನಿಯನ್ನಿನ ಹೆಗಲ ತುಂಬ ಕರಿಯ ಹೊಟ್ಟು. ಬೇರೆ ಮೆತ್ತೆ ಕೇಳಿದರೆ ಅಂಥದು ಬರುವುದೇ ಇಲ್ಲವೆಂಬ ಉತ್ತರ ಬಂತು.

ತಪ್ಪು ಎಲ್ಲಿ ಆಯಿತೆಂದು ಆಮೇಲೆ ಯೋಚಿಸಿದೆ. ಹೆಡ್‌ಫೋನನ್ನು ನಾನು ಇನ್ನೊಂದು ರೇಡಿಯೊ ಎಂಬಂತೆ, ಗಟ್ಟಿಯಾಗಿ ಕೂಗುವ ಶಕ್ತಿ ನೋಡಿ ಕೊಂಡಿದ್ದೆ. ಮುಚ್ಚಿದ ಬೆನ್ನಿನದರ ಬೆಲೆ ಇರುವುದು ಅದು ಕೂಗುವುದರಲ್ಲಿ ಅಲ್ಲ, ಹೊರಗಿನದನ್ನು ಸುಮ್ಮನಿರಿಸುವುದರಲ್ಲಿ. ಒಂದು ಲೆಕ್ಕ ಮಾಡಿ ನೋಡಿ. ತಗಡಿನ ಕೆಳಗೆ ಮಳೆಯ ಸದ್ದು 70 ಡೆಸಿಬೆಲ್ ಇದೆ ಎಂದಿಟ್ಟುಕೊಳ್ಳೋಣ. ಮಾತು ಸ್ಪಷ್ಟವಾಗಿ ತಿಳಿಯಬೇಕಾದರೆ ಅದು ಹತ್ತಾದರೂ ಡೆಸಿಬೆಲ್ ಮೇಲಿರಬೇಕು, ಅಂದರೆ 80. ಕಿವಿಯ ಸುತ್ತ ಚೆನ್ನಾಗಿ ಕೂತ ಹೆಡ್‌ಫೋನು ಆ ಮಳೆಯಲ್ಲಿ 15 ಡೆಸಿಬೆಲ್ ತಡೆದರೆ ಒಳಗೆ ಉಳಿಯುವುದು 55. ಆಗ 65ರಲ್ಲಿಯೇ ಮಾತು ಸ್ಪಷ್ಟ. ಈ ವ್ಯತ್ಯಾಸ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೇರಿದರೆ ವಾರಕ್ಕೆ ನಾಲ್ಕೇ ಗಂಟೆ. ಮೂರು ಡೆಸಿಬೆಲ್ ಏರಿದಾಗಲೆಲ್ಲ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿ ದೂರವಾದವರಿಗೆ ಹೆಡ್‌ಫೋನಿನಲ್ಲಿ ದೊಡ್ಡ ಸದ್ದು ಕೊಡುವುದು ಇರುವ ಬಂಡವಾಳವನ್ನೂ ಖರ್ಚು ಮಾಡಿಸಿದ ಹಾಗೆ.

ಆದುದರಿಂದ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಹಾಡಿಲ್ಲದ ಪರೀಕ್ಷೆ. ಏನೂ ಹಾಕದೆ ಸುಮ್ಮನೆ ತಲೆಗಿಟ್ಟುಕೊಂಡು ಜೊತೆಯವರಿಗೆ ಮಾತನಾಡಲು ಹೇಳಿ. ಅವರ ದನಿ ಕೋಣೆಯ ಆಚೆಗೆ ಸರಿದಂತಾಗಬೇಕು. ಬಟ್ಟಲು ಕಿವಿಯ ಮೇಲೆ ಕೂರದೆ ಕಿವಿಯನ್ನು ಪೂರ್ತಿ ಒಳಗೊಂಡು ತಲೆಗೆ ತಾಗಿ ಕೂರಬೇಕು. ಎಲ್ಲಿಯಾದರೂ ಸಂದು ಉಳಿದರೆ ಎರಡು ನಷ್ಟ: ಹೊರಗಿನ ಸದ್ದು ನುಗ್ಗುತ್ತದೆ, ಒಳಗಿನ ಮಂದ್ರಸ್ವರ ಸೋರಿಹೋಗುತ್ತದೆ. ಕನ್ನಡಕದ ಕಡ್ಡಿ ಇಂಥ ಸಂದು ಮಾಡುವುದರಲ್ಲಿ ಮೊದಲನೆಯದು. ಆದ್ದರಿಂದ ಕನ್ನಡಕದವರು ಕನ್ನಡಕ ಹಾಕಿಯೇ ನೋಡಬೇಕು. ಬೆಂಡೋಲೆ, ಜುಮ್ಕಿ ಹಾಕುವವರು ಅವನ್ನು ಹಾಕಿಕೊಂಡೇ ನೋಡಬೇಕು, ಮನೆಗೆ ಬಂದ ಮೇಲೆ ಯಾರು ದಿನಾ ಬಿಚ್ಚಿಡುತ್ತಾರೆ? ಹಿಡಿತ ಬಿಗಿಯಾದಷ್ಟೂ ಒಳ್ಳೆಯದೆಂದಲ್ಲ. ಹತ್ತು ಹದಿನೈದು ನಿಮಿಷ ತಲೆಯ ಮೇಲಿಟ್ಟುಕೊಂಡೇ ಬೆಲೆಯ ಮಾತನಾಡಿ. ಅಂಗಡಿಯವ ನಗಲಿ. ಆ ಹೊತ್ತಿಗೆ ದವಡೆ ನೋಯದಿದ್ದರೆ ಒಂದು ತಾಳಮದ್ದಳೆ ಮುಗಿಯುವ ತನಕವೂ ನೋಯಲಿಕ್ಕಿಲ್ಲ.

ಆಮೇಲೆ ನಿಮಗೆ ಬಾಯಿಪಾಠವಾಗಿರುವ ಒಂದನ್ನು ಕೇಳಿ, ಅವರು ಹಾಕಿದ್ದನ್ನಲ್ಲ. ನಮ್ಮಲ್ಲಿ ಇದಕ್ಕೆ ಬಡಗುತಿಟ್ಟಿನ ಯಕ್ಷಗಾನದಷ್ಟು ಒಳ್ಳೆಯ ಒರೆಗಲ್ಲು ಬೇರಿಲ್ಲ. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರೂ ಅವರ ಕ್ಯಾಸೆಟ್ಟಿನ ಪದಗಳು ಇಂದಿಗೂ ಮನೆಮನೆಯಲ್ಲುಂಟು. ಅಂಥದೊಂದನ್ನು ಹಾಕಿ. ಚೆಂಡೆಯ ಏಟು ಕಿವಿಗೆ ಚುಚ್ಚದೆ ಚುರುಕಾಗಿರಬೇಕು, ಮದ್ದಳೆ ಚೆಂಡೆಯಿಂದ ಬೇರೆಯಾಗಿ ಕೇಳಬೇಕು, ಎಲ್ಲಕ್ಕಿಂತ ಮೇಲಾಗಿ ಪದದ ಅಕ್ಷರಗಳು ತಿಳಿಯಬೇಕು. ಸ, ಶ, ತ, ಕ ಮೊದಲಾದ ವ್ಯಂಜನಗಳು ಎತ್ತರದ ಕಂಪನಗಳಲ್ಲಿರುತ್ತವೆ, ವಯಸ್ಸಾದಂತೆ ಮೊದಲು ಕುಂದುವುದೂ ಆ ಭಾಗದ ಕೇಳ್ಮೆಯೇ. ಬೇಸ್ ಉಬ್ಬಿಸಿದ ಹೆಡ್‌ಫೋನು ಅವನ್ನೇ ಮುಚ್ಚಿಹಾಕುತ್ತದೆ. ಅಪ್ಪಯ್ಯನಿಗೆ ಹಂಡೆಯ ಸದ್ದು ಕೇಳಿಸಿದ್ದು ಇದರಿಂದ.

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಹೆಚ್ಚಿನವನ್ನು ಓದದಿದ್ದರೂ ನಷ್ಟವಿಲ್ಲ. 20ರಿಂದ 20,000 ಹರ್ಟ್ಸ್ ಎಂದು ಅಗ್ಗದ್ದೂ ಹೇಳುತ್ತದೆ, ದುಬಾರಿಯದೂ ಹೇಳುತ್ತದೆ. ನೋಡಬೇಕಾದ ಒಂದು ಅಂಕಿ ಓಮ್. ಹಳೆಯ ಹರಳಿನ ರೇಡಿಯೊಗಳ ಹೆಡ್‌ಫೋನು 2000 ಓಮಿನವು ಇರುತ್ತಿದ್ದವು. ಇಂದಿನ ಫೋನು, ಟ್ರಾನ್ಸಿಸ್ಟರುಗಳಿಗೆ 16ರಿಂದ 64 ಓಮಿನ ಒಳಗಿನದು ಹೊಂದುತ್ತದೆ. ಸ್ಟುಡಿಯೊಗಳಿಗೆಂದು ಮಾಡಿದ 250 ಓಮಿನವೂ ಉಂಟು. ಅವನ್ನು ಫೋನಿಗೆ ಸಿಕ್ಕಿಸಿದರೆ ಸದ್ದು ಪಿಸುಗುಟ್ಟುತ್ತದೆ.

ತಂತಿಯದೋ ತಂತಿಯಿಲ್ಲದ್ದೋ? ಕಡಿಮೆ ಹಣವಿದ್ದಾಗ ನನ್ನ ಮತ ತಂತಿಯದರ ಕಡೆಗೆ. ತಂತಿಯಿಲ್ಲದ್ದರಲ್ಲಿ ನಿಮ್ಮ ಹಣದ ಒಂದು ಪಾಲು ಬ್ಯಾಟರಿಗೂ ಒಳಗಿನ ಪ್ರೇಷಣ ಸಾಮಗ್ರಿಗೂ ಹೋಗುತ್ತದೆ, ಬ್ಯಾಟರಿಯೋ ಕೆಲವು ವರ್ಷಗಳಲ್ಲಿ ಸೋಲುತ್ತದೆ. ಅಲ್ಲದೆ ಎಫ್‌ಎಂ ರೇಡಿಯೊ ಇರುವ ಫೋನುಗಳಲ್ಲಿ ಹೆಡ್‌ಫೋನಿನ ತಂತಿಯೇ ಏರಿಯಲ್. ತಂತಿ ಸಿಕ್ಕಿಸದಿದ್ದರೆ ಸ್ಟೇಷನ್ನು ಹಿಡಿಯುವುದೇ ಇಲ್ಲ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಕೇಳುವವರಿಗೆ ಈ ಕಟ್ಟಿಲ್ಲ. ಹೊಸ ಫೋನುಗಳಲ್ಲಿ ಉರುಟು ತೂತೇ ಇಲ್ಲವಾದರೆ ಯುಎಸ್‌ಬಿ ಸಿ ಪಿನ್ನಿನ ಗಿಡ್ಡ ತಂತಿ ಬೇಕಾಗುತ್ತದೆ. ಅದನ್ನು ಕೊಳ್ಳುವಾಗ ನಿಮ್ಮ ಫೋನಿಗೇ ಸಿಕ್ಕಿಸಿ ನೋಡಿ, ಎಲ್ಲ ಫೋನಿಗೂ ಎಲ್ಲ ತಂತಿಯೂ ಒಗ್ಗುವುದಿಲ್ಲ.

ಟ್ರಾನ್ಸಿಸ್ಟರಿನವರಿಗೆ ಇನ್ನೊಂದು ಮಾತು. ಅನೇಕ ಸಣ್ಣ ರೇಡಿಯೊಗಳ ತೂತು ಮಾನೊ, ಇಂದಿನ ಹೆಡ್‌ಫೋನಿನ ಪಿನ್ನು ಸ್ಟೀರಿಯೊ. ಸಿಕ್ಕಿಸಿದರೆ ಒಂದೇ ಕಿವಿಯಲ್ಲಿ ಕೇಳುತ್ತದೆ. ಹೆಡ್‌ಫೋನು ಕೆಟ್ಟಿದೆಯೆಂದು ವಾಪಸು ಒಯ್ಯುವ ಮೊದಲು ರಿಪೇರಿಯವರಲ್ಲಿ ಮಾನೊವನ್ನು ಎರಡೂ ಕಿವಿಗೆ ಹಂಚುವ ಸಣ್ಣ ಪಿನ್ನು ಕೇಳಿ. ನಾನು ಕೇಳದೆ ಒಂದು ಸಲ ಜಗಳವಾಡಿ ಬಂದಿದ್ದೇನೆ.

ಹಣದ ವಿಷಯ. ಸಾವಿರದ ಒಳಹೊರಗೆ ಸಿಗುವವು ಸಾಮಾನ್ಯವಾಗಿ ಕಿವಿಯ ಮೇಲೆ ಕೂರುವ ಬಗೆಯವು. ಸೋನಿಯವರ ಎಂಡಿಆರ್ ಝಡ್‌ಎಕ್ಸ್ 110 ಅಂಥದು. ಹಗುರ, ಮಾತಿಗೆ ಸಾಲುತ್ತದೆ, ಆದರೆ ಜಡಿಮಳೆಯನ್ನು ಅಷ್ಟಾಗಿ ತಡೆಯಲಾರದು. ಐದು ಸಾವಿರದ ಆಸುಪಾಸಿಗೆ ಹೋದರೆ ಜಪಾನಿನ ಆಡಿಯೊ ಟೆಕ್ನಿಕಾದ ಎಂ 20 ಎಕ್ಸ್‌ನಂಥವು, ಕಿವಿಯನ್ನು ಪೂರ್ತಿ ಒಳಗೊಳ್ಳುವವು, 47 ಓಮಿನವು, ಕಾಣಸಿಗುತ್ತವೆ. ಅದರ ತಂತಿ ಮೂರು ಮೀಟರ್ ಉದ್ದ, ಬಿಚ್ಚಲು ಬರುವುದಿಲ್ಲ. ಚಾವಡಿಯ ಕುರ್ಚಿಗೆ ಅನುಕೂಲ, ಬಸ್ಸಿಗೆ ಕಿರಿಕಿರಿ. 1991ರಿಂದ ರೇಡಿಯೊ, ಸಿನಿಮಾದವರು ಬಳಸಿಕೊಂಡು ಬಂದ ಸೋನಿ ಎಂಡಿಆರ್ 7506 ನಮ್ಮ ಮಿತಿಗಿಂತ ಮೇಲಿನದು. ಆದರೂ ಅದನ್ನು ಹೆಸರಿಸುವುದೇಕೆಂದರೆ, ಇಷ್ಟು ವರ್ಷಗಳ ಮೇಲೂ ಅದರ ಮೆತ್ತೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೊಳ್ಳುವ ಮೊದಲೇ “ಇದಕ್ಕೆ ಬೇರೆ ಮೆತ್ತೆ ಸಿಗುತ್ತದೆಯೇ?” ಎಂದು ಕೇಳಿ. ಸಿಗದಿದ್ದರೆ ಬೆಲೆ ಎಷ್ಟೇ ಇಳಿದರೂ ಅದು ಒಂದೆರಡು ಮಳೆಗಾಲದ ಸಾಮಾನು.

ಏಕೆಂದರೆ ಕರಾವಳಿಯಲ್ಲಿ ಹೆಡ್‌ಫೋನಿಗೆ ಸದ್ದಿಗಿಂತ ದೊಡ್ಡ ಶತ್ರು ತೇವ. ಚರ್ಮದಂತೆ ತೋರುವ ಆ ಹೊದಿಕೆ ಪಾಲಿಯುರೆಥೇನ್ ಎಂಬ ವಸ್ತು, ತೇವಕ್ಕೂ ಬೆವರಿಗೂ ಅದು ಕಾಲಕ್ರಮದಲ್ಲಿ ಒಡೆಯುತ್ತದೆ. ಕೇಳಿ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳೊಂದಿಗೆ ಇಡಬಹುದು. ಔಷಧಿ ಡಬ್ಬಿಗಳಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಗಳಲ್ಲಿ ಬರುವ ಪೊಟ್ಟಣಗಳನ್ನು ನಾವು ಈಗ ಎಸೆಯುವುದಿಲ್ಲ. ಬೈಂದೂರಿನಂತೆ ಕಡಲಿಗೆ ಅಂಟಿಕೊಂಡ ಊರಿನಲ್ಲಿ ಉಪ್ಪುಗಾಳಿಗೆ ಪಿನ್ನಿಗೂ ಕಿಲುಬು ಹಿಡಿದು ಕರಕರ ಸದ್ದು ಬರುವುದುಂಟು, ಬಟ್ಟೆಯಿಂದ ಉಜ್ಜಿದರೆ ಹೆಚ್ಚಿನ ಸಲ ಹೋಗುತ್ತದೆ.

ಕುಂದಾಪುರದಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗುವವರು ಒಂದು ಸಂಗತಿ ತಿಳಿದಿರಲಿ. ಮುಚ್ಚಿದ ಬಟ್ಟಲು ಮಳೆಯ ಸುಯ್ಯೆಂಬ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಇಂಜಿನ್ನಿನ ಗುಂಯ್‌ಗುಡುವ ಮಂದ್ರವನ್ನು ಅಷ್ಟು ತಡೆಯದು. ಅದಕ್ಕೆ ಮೈಕಿನಿಂದ ಹೊರಸದ್ದನ್ನು ಹಿಡಿದು ಅದರ ತಿರುವುಮುರುವಾದ ಅಲೆಯನ್ನು ಹಾಕಿ ಅಳಿಸುವ ಯಂತ್ರ ಬೇರೆ ಬೇಕು, ಅದು ಚೆನ್ನಾಗಿರಬೇಕಾದರೆ ಹಣವೂ ಬೇಕು. ಬಸ್ಸಿಳಿದ ಮೇಲಂತೂ ರಾಷ್ಟ್ರೀಯ ಹೆದ್ದಾರಿ 66 ದಾಟುವಾಗ ಯಾವ ಹೆಡ್‌ಫೋನೂ ಕಿವಿಯ ಮೇಲಿರಬಾರದು.

ಎರಡನೆಯ ಸಲ ನಾವು ಅಪ್ಪಯ್ಯನನ್ನೂ ಅವರ ಕನ್ನಡಕವನ್ನೂ ಅವರ ಟ್ರಾನ್ಸಿಸ್ಟರನ್ನೂ ಅಂಗಡಿಗೆ ಕರೆದುಕೊಂಡೇ ಹೋದೆವು. ಅವರು ಆರಿಸಿದ್ದು ನೋಡಲು ಸಪ್ಪೆ, ಅಂಗಡಿಯವನಿಗೂ ಅದರ ಬಗ್ಗೆ ಹೇಳಲು ಏನೂ ಇರಲಿಲ್ಲ. ಮನೆಯಲ್ಲಿ ಅದನ್ನು ಹಾಕಿಕೊಂಡು ಗುಂಡಿಯನ್ನು ತಾವಾಗಿ ಕೆಳಕ್ಕೆ ತಿರುಗಿಸಿದ್ದನ್ನು ಅಂದು ಮೊದಲ ಸಲ ಕಂಡೆ. ಮಳೆಯಿಲ್ಲದ ಹೊತ್ತಿನಲ್ಲೂ ಅವರಿಗೆ ಕೆಲವು ಮಾತು ತಪ್ಪುತ್ತದೆಂಬುದು ಆಗಲೇ ಬೆಳಕಿಗೆ ಬಂತು. ಕಿವಿಯ ವೈದ್ಯರಲ್ಲಿ ಪರೀಕ್ಷೆ ಮಾಡಿಸಿದೆವು, ಎರಡೂ ಕಿವಿಗಳ ಎತ್ತರದ ಸ್ವರಗಳಲ್ಲಿ ಕೊರತೆಯಿತ್ತು. ಶ್ರವಣಯಂತ್ರ ಬಂದಿದೆ, ಹೆಡ್‌ಫೋನು ಹಾಕುವಾಗ ಅದನ್ನು ತೆಗೆದಿಡುತ್ತಾರೆ.

ಒಂದು ಹೊಸ ತೊಡಕು ಮಾತ್ರ ಉಳಿಯಿತು: ಎಷ್ಟು ಕರೆದರೂ ಅವರಿಗೆ ಕೇಳುವುದಿಲ್ಲ. ಮಗಳು ಅದಕ್ಕೂ ದಾರಿ ಹುಡುಕಿದ್ದಾಳೆ. ಊಟಕ್ಕೆ ಎಲೆ ಹಾಕಿದೊಡನೆ ಚಾವಡಿಯ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುತ್ತಾಳೆ, ಅಜ್ಜಯ್ಯ ಏಳುತ್ತಾರೆ.