ಫಲಕ ಉಳಿಯಿತು, ಗಿಡ ಉಳಿಯಿತೇ?

ಜುಲೈ ತಿಂಗಳು ಬಂತೆಂದರೆ ನಮ್ಮ ಊರುಗಳಲ್ಲಿ ಸೇವಾ ಸಂಸ್ಥೆಗಳ ‘ಪದಗ್ರಹಣ’ದ ಸುಗ್ಗಿ. ಹೊಸ ಅಧ್ಯಕ್ಷರ ಕೊರಳಿಗೆ ಪದಕದ ಸರ, ಹಳೆಯ ಅಧ್ಯಕ್ಷರ ಹೆಗಲಿಗೆ ಶಾಲು, ವೇದಿಕೆಯ ತುಂಬ ಗಣ್ಯರು. ಮರುದಿನ ಶಾಲೆಯ ಅಂಗಳದಲ್ಲಿ ನೂರು ಸಸಿಗಳ ನೆಡುವಿಕೆ. ಪ್ರತಿ ಸಸಿಗೂ ಒಂದು ತಗಡಿನ ಫಲಕ, ಫಲಕದ ಮೇಲೆ ದಾನಿಗಳ ಹೆಸರು. ಯುಗಾದಿಯ ಹೊತ್ತಿಗೆ ಹೋಗಿ ನೋಡಿದರೆ ಎಷ್ಟೋ ಕಡೆ ಫಲಕ ನಿಂತಿರುತ್ತದೆ, ಸಸಿ ಮಾತ್ರ ಇರುವುದಿಲ್ಲ.

ಇದನ್ನು ಕಂಡ ಮಕ್ಕಳು ‘ಸಮಾಜಸೇವೆ ಎಂದರೆ ಇಷ್ಟೇ’ ಎಂದುಕೊಂಡರೆ ತಪ್ಪು ಅವರದಲ್ಲ. ‘ಇದೆಲ್ಲ ಉಳ್ಳವರ ಶೋಕಿ, ನೀನು ಓದಿಕೋ’ ಎಂದು ತಾಯಿ ತಂದೆಯರು ಗದರಿದರೂ ಆಶ್ಚರ್ಯವಿಲ್ಲ. ಆದರೆ ಸೇವಾ ಸಂಸ್ಥೆಗಳ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಅದನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಷಿಕಾಗೊದ ನಾಲ್ವರು

1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೊ ನಗರದಲ್ಲಿ ನಾಲ್ಕು ಜನ ಒಂದು ಕಚೇರಿಯಲ್ಲಿ ಸೇರಿದರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲ ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗುಸ್ಟಾವಸ್ ಲೋರ್, ದರ್ಜಿ ಹೈರಮ್ ಶೋರಿ. ಒಂದು ವಾರ ಒಬ್ಬರ ಕಚೇರಿಯಲ್ಲಿ, ಇನ್ನೊಂದು ವಾರ ಇನ್ನೊಬ್ಬರ ಕಚೇರಿಯಲ್ಲಿ ಸರದಿಯಂತೆ ಸಭೆ ನಡೆಯುತ್ತಿದ್ದುದರಿಂದ ಸಂಘಕ್ಕೆ ‘ರೋಟರಿ’ ಎಂಬ ಹೆಸರು ಬಂತು. ಮೊದಲಿಗೆ ಅದು ಸ್ನೇಹ ಮತ್ತು ವ್ಯವಹಾರದ ಕೂಟವಷ್ಟೇ ಆಗಿತ್ತು. ಆ ಸಂಘ ಕೈಗೆತ್ತಿಕೊಂಡ ಮೊದಲ ದೊಡ್ಡ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ನಗರದಲ್ಲಿ ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿಸುವುದು! ಪ್ರತಿಮೆಯಲ್ಲ, ಸ್ವಾಗತ ಕಮಾನಲ್ಲ. ಜನರಿಗೆ ಏನು ಬೇಕಾಗಿತ್ತೋ ಅದು.

1917ರಲ್ಲಿ ಅದೇ ಷಿಕಾಗೊದಲ್ಲಿ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ ಲಯನ್ಸ್ ಸಂಸ್ಥೆ ಹುಟ್ಟಿತು. 1925ರಲ್ಲಿ ಅದರ ಸಮ್ಮೇಳನಕ್ಕೆ ಬಂದ ಹೆಲೆನ್ ಕೆಲರ್, ಕಣ್ಣೂ ಕಿವಿಯೂ ಇಲ್ಲದ ಆ ಧೀಮಂತ ಮಹಿಳೆ, ಅಂಧರ ಪರವಾಗಿ ಹೋರಾಡುವ ವೀರರಾಗಿ ಎಂದು ಸದಸ್ಯರನ್ನು ಕೇಳಿಕೊಂಡರು. ಇಂದಿಗೂ ಲಯನ್ಸ್ ಎಂದೊಡನೆ ಕಣ್ಣಿನ ಶಿಬಿರ ನೆನಪಾಗುವುದಕ್ಕೆ ಆ ಕೋರಿಕೆಯೇ ಕಾರಣ. ಭಾರತದ ಮೊದಲ ರೋಟರಿ ಕ್ಲಬ್ಬಿಗೆ 1920ರಲ್ಲಿ ಕಲ್ಕತ್ತೆಯಲ್ಲಿ ಮನ್ನಣೆ ದೊರೆಯಿತು. ಬೆಂಗಳೂರಿಗೆ ರೋಟರಿ ಬಂದದ್ದು 1934ರಲ್ಲಿ. ಬಹುಕಾಲ ಈ ಸಂಸ್ಥೆಗಳ ಬಾಗಿಲು ಗಂಡಸರಿಗೆ ಮಾತ್ರ ತೆರೆದಿತ್ತು. 1987ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೇ ಮಹಿಳೆಯರಿಗೆ ಸದಸ್ಯತ್ವ ಸುಲಭವಾಯಿತು ಎಂಬುದನ್ನೂ ಮರೆಯುವಂತಿಲ್ಲ.

ನಮ್ಮ ನೆಲದ ಬೇರು

ಹಾಗೆಂದು ಇದು ಪರದೇಶದ ಸರಕು ಎಂದು ಭಾವಿಸಬೇಕಾಗಿಲ್ಲ. ನಾಟಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವ ‘ಮುಯ್ಯಾಳು’ ಪದ್ಧತಿ ನಮ್ಮ ರೈತರಿಗೆ ಹೊಸತಲ್ಲ. ಕೂಲಿಯಿಲ್ಲ, ಲೆಕ್ಕವುಂಟು. ಇಂದು ನಿನಗೆ ನಾನು, ನಾಳೆ ನನಗೆ ನೀನು. 1923ರಲ್ಲಿ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿ, ಶಿಸ್ತಿಲ್ಲದ ಉತ್ಸಾಹದಿಂದ ಪ್ರಯೋಜನವಿಲ್ಲ ಎಂಬುದನ್ನು ಯುವಕರಿಗೆ ಕಲಿಸಿದರು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯೂ ಇದೇ ಬಳ್ಳಿಯ ಕುಡಿ.

ಇನ್ನು ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ.ಸಿ. ಮೋದಿಯವರು. ಸಂಚಾರಿ ಕಣ್ಣಾಸ್ಪತ್ರೆಯೊಂದಿಗೆ ಹಳ್ಳಿ ಹಳ್ಳಿ ತಿರುಗಿ ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದವರು. ಒಂದೇ ದಿನ 833 ಮಂದಿಯ ಕಣ್ಣುಪೊರೆ ತೆಗೆದ ದಾಖಲೆ ಅವರದು. ವೈದ್ಯರ ಕೈಚಳಕ ನಮಗೆ ಕಾಣುತ್ತದೆ. ಕಾಣದೇ ಇರುವುದು ಅಂಥ ಶಿಬಿರದ ಹಿಂದಿರುವ ನೂರಾರು ಕೈಗಳು. ಅಜ್ಜ ಅಜ್ಜಿಯರನ್ನು ಬಂಡಿ ಹತ್ತಿಸಿ ಕರೆತರಬೇಕು, ಗಂಜಿ ಬೇಯಿಸಬೇಕು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯಬೇಕು, ಮನೆಗೆ ಬಿಟ್ಟು ಬರಬೇಕು. ಅದಾದ ಮೇಲೂ ಕಣ್ಣಿಗೆ ಔಷಧಿಯ ಹನಿ ಸರಿಯಾಗಿ ಬೀಳುತ್ತಿದೆಯೇ ಎಂದು ವಿಚಾರಿಸಬೇಕು. ಶಿಬಿರ ಮುಗಿದ ಮೇಲೆ ಯಾರೂ ತಿರುಗಿ ನೋಡದೆ ಒಬ್ಬ ಅಜ್ಜಿಯ ಕಣ್ಣು ಕೆಟ್ಟರೆ, ಮುಂದಿನ ವರ್ಷ ಆ ಊರಿನಿಂದ ಹತ್ತು ಮಂದಿ ಬರುವುದಿಲ್ಲ. ಸೇವೆಯಲ್ಲಿ ಕಳೆದುಕೊಂಡ ನಂಬಿಕೆಯನ್ನು ಚಂದಾ ಎತ್ತಿ ತುಂಬಲು ಬರುವುದಿಲ್ಲ.

ಅಧ್ಯಕ್ಷರು ಬದಲಾದರು, ಕೆಲಸ ಬದಲಾಗಲಿಲ್ಲ

ಸೇವಾ ಸಂಸ್ಥೆಗಳ ಪದಾಧಿಕಾರಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬರೇ ಕುರ್ಚಿಗೆ ಅಂಟಿಕೊಳ್ಳಬಾರದು ಎಂಬ ಒಳ್ಳೆಯ ಉದ್ದೇಶ ಇದರಲ್ಲಿದೆ. ಆದರೆ ಅಧ್ಯಕ್ಷರ ಜೊತೆಗೆ ಯೋಜನೆಯೂ ಬದಲಾದರೆ ಆರಂಭಶೂರತ್ವವೊಂದೇ ಉಳಿಯುತ್ತದೆ. ಇದಕ್ಕೆ ಎದುರಾದ ಉತ್ತಮ ನಿದರ್ಶನ ಪೋಲಿಯೊ ನಿರ್ಮೂಲನೆ.

1985ರಲ್ಲಿ ರೋಟರಿ ಸಂಸ್ಥೆ ‘ಪೋಲಿಯೊ ಪ್ಲಸ್’ ಯೋಜನೆಯನ್ನು ಆರಂಭಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವುಗಳು ಕೈಜೋಡಿಸಿದವು. ಆಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರು. ನಮ್ಮಲ್ಲಿ ರಾಷ್ಟ್ರವ್ಯಾಪಿ ಪಲ್ಸ್ ಪೋಲಿಯೊ ಆರಂಭವಾದದ್ದು 1995ರಲ್ಲಿ.

ಒಂದೇ ದಿನ ಎಲ್ಲ ಮಕ್ಕಳಿಗೂ ಏಕೆ ಹಾಕಬೇಕು ಎಂದು ಎಷ್ಟೋ ತಾಯಂದಿರು ಕೇಳುತ್ತಿದ್ದರು. ಪ್ರಶ್ನೆ ಸರಿಯಾದದ್ದೇ. ಪೋಲಿಯೊ ವೈರಸ್ಸಿಗೆ ಪ್ರಕೃತಿಯಲ್ಲಿರುವ ಆಸರೆ ಮನುಷ್ಯನ ಕರುಳು ಮಾತ್ರ. ದನದಲ್ಲಿ, ನಾಯಿಯಲ್ಲಿ, ಸೊಳ್ಳೆಯಲ್ಲಿ ಅದು ಅಡಗಿ ಕೂರಲಾರದು. ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಏಕಕಾಲಕ್ಕೆ ರಕ್ಷಣೆ ದೊರೆತರೆ ವೈರಸ್ಸಿಗೆ ಹೋಗಲು ಜಾಗವೇ ಇರುವುದಿಲ್ಲ. ನೂರರಲ್ಲಿ ಹತ್ತು ಮನೆ ಬಿಟ್ಟರೆ ಆ ಹತ್ತು ಮನೆಯೇ ಅದಕ್ಕೆ ಛತ್ರ. ಆದ್ದರಿಂದಲೇ ಸ್ವಯಂಸೇವಕರು ಬೀದಿ ಬೀದಿ ಸುತ್ತಿ, ಮಗುವಿನ ಬೆರಳಿಗೆ ಶಾಯಿ ಹಚ್ಚಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮಗು ಸಿಗದ ಮನೆಗೆ ಮತ್ತೆ ಹೋಗುತ್ತಿದ್ದರು. ಆ ಲಸಿಕೆ ಶಾಖ ತಡೆಯದು. ಮಂಜುಗಡ್ಡೆಯ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಹೆಗಲಿಗೇರಿಸಿಕೊಂಡು ನಡೆದವರ ಬೆವರು ಈ ಯಶಸ್ಸಿನಲ್ಲಿದೆ.

ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಿಂದ. 2014ರ ಮಾರ್ಚ್ 27ರಂದು ನಮ್ಮ ದೇಶವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಸರ್ಕಾರ, ಆರೋಗ್ಯ ಇಲಾಖೆ, ಅಂಗನವಾಡಿ ಕಾರ್ಯಕರ್ತೆಯರು ಎಲ್ಲರ ಪಾಲೂ ಇದರಲ್ಲಿದೆ. 1985ರಿಂದ ಲೆಕ್ಕ ಹಾಕಿದರೆ ಒಂದೊಂದು ಕ್ಲಬ್ಬಿನಲ್ಲೂ ಇಪ್ಪತ್ತೈದಕ್ಕೂ ಹೆಚ್ಚು ಅಧ್ಯಕ್ಷರು ಬಂದು ಹೋಗಿರಬೇಕು. ಕೆಲಸ ಮಾತ್ರ ಒಂದೇ ಆಗಿತ್ತು.

ಕೆಂಚನಗುಡ್ಡದಂಥ ಊರಿಗೆ ಏನು ಬೇಕು?

ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡ ತುಂಗಭದ್ರೆಯ ದಡದ ಊರು. ವಸುಧೇಂದ್ರ ತೀರ್ಥರ ಬೃಂದಾವನವಿರುವುದರಿಂದ ಯಾತ್ರಿಕರೂ ಬಂದು ಹೋಗುವ ಸ್ಥಳ. ಸುತ್ತಲೂ ಭತ್ತದ ಸೀಮೆ. ಇಂಥ ಊರಿನಲ್ಲಿ ಹತ್ತು ವಿದ್ಯಾರ್ಥಿಗಳು, ನಾಲ್ಕು ಹಿರಿಯರು ಸೇರಿ ಒಂದು ಸಂಘ ಕಟ್ಟುತ್ತಾರೆಂದು ಇಟ್ಟುಕೊಳ್ಳೋಣ. ಅವರು ಏನು ಮಾಡಬಹುದು?

ಮೊದಲನೆಯದು ನದಿಯ ಮಾತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಸಿರುಗುಪ್ಪ ತಾಲ್ಲೂಕಿನ ನದಿತೀರದ ಹಳ್ಳಿಗಳು ಕಂಡ ನೆರೆಯನ್ನು ಹಿರಿಯರು ಮರೆತಿಲ್ಲ. ಕೆಳಗಡೆ ಮಂತ್ರಾಲಯ, ಕರ್ನೂಲು ಮುಳುಗಿದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಮತ್ತೆ ತೀರದವರಿಗೆಲ್ಲ ಎಚ್ಚರಿಕೆ ನೀಡಬೇಕಾಯಿತು. ಇಂಥ ರಾತ್ರಿಯಲ್ಲಿ ಬೇಕಾಗುವುದು ಭಾಷಣವಲ್ಲ, ಒಂದು ಪಟ್ಟಿ. ಯಾವ ಮನೆಯಲ್ಲಿ ನಡೆಯಲಾರದ ಅಜ್ಜ ಇದ್ದಾರೆ, ಯಾವ ಮನೆಯಲ್ಲಿ ಬಸುರಿ ಬಾಣಂತಿ ಇದ್ದಾರೆ, ಟ್ರ್ಯಾಕ್ಟರು ಯಾರಲ್ಲಿದೆ, ಎತ್ತರದ ಜಾಗ ಎಲ್ಲಿದೆ. ಪ್ರತಿ ಜೂನ್‌ನಲ್ಲಿ ಈ ಪಟ್ಟಿಯನ್ನು ತಿದ್ದಿ ಗ್ರಾಮ ಪಂಚಾಯಿತಿಗೆ ಒಂದು ಪ್ರತಿ ಕೊಡಲು ತಗಲುವ ಖರ್ಚು ಒಂದು ನೋಟ್‌ಬುಕ್ಕಿನದು ಮಾತ್ರ.

ಎರಡನೆಯದು ಕುಡಿಯುವ ನೀರು. ಬಳ್ಳಾರಿ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಅದನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಕಲೆ ಕೂರುತ್ತದೆ. ಬಹುಕಾಲ ಕುಡಿದರೆ ಮೂಳೆಗೂ ಕೇಡು. ಕುದಿಸಿದರೆ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕುದಿಸಿದಾಗ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ! ಊರಿನ ಪ್ರತಿ ಕೊಳವೆಬಾವಿಯ ನೀರನ್ನೂ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬಾವಿಯ ಬಳಿಯೇ ಬರೆಯುವುದು ಹೈಸ್ಕೂಲು ಮಕ್ಕಳಿಗೆ ಎಟುಕದ ಕೆಲಸವೇನಲ್ಲ.

ಹಿಂದೆ ನಾನು ಪಾಠ ಹೇಳಿದ ಒಂದು ಶಾಲೆಗೆ ಸಂಸ್ಥೆಯೊಂದು ನೀರು ಶುದ್ಧೀಕರಣ ಯಂತ್ರವನ್ನು ದಾನ ಮಾಡಿತ್ತು. ಎಂಟು ತಿಂಗಳಾದರೂ ಅದರ ಫಿಲ್ಟರು ಬದಲಾಗಲಿಲ್ಲ. ದಾನಿಗಳ ಹೆಸರಿನ ಹಿತ್ತಾಳೆ ಪಟ್ಟಿಯನ್ನು ಜವಾನ ವಾರಕ್ಕೊಮ್ಮೆ ಉಜ್ಜುತ್ತಿದ್ದ. ಮಕ್ಕಳು ಹೊರಗಿನ ನಲ್ಲಿಗೆ ಹೋಗುತ್ತಿದ್ದರು.

ಮೂರನೆಯದು ರಕ್ತ. ಹದಿನೆಂಟು ತುಂಬಿದ, 45 ಕಿಲೋಗಿಂತ ಹೆಚ್ಚು ತೂಕವುಳ್ಳ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಒಂದೇ ದಿನ ಮುನ್ನೂರು ಜನ ಕೊಟ್ಟರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ ನಿಜ. ಆದರೆ ಕೆಂಪು ರಕ್ತಕಣಗಳನ್ನು ತಂಪಿನಲ್ಲಿಟ್ಟರೂ ಐದಾರು ವಾರಗಳಿಗಿಂತ ಹೆಚ್ಚು ಕಾಯ್ದಿಡಲಾಗದು. ತಿಂಗಳಿಗೆ ಇಪ್ಪತ್ತೈದು ಮಂದಿ ತಪ್ಪದೆ ಕೊಟ್ಟರೆ ವರ್ಷಕ್ಕೆ ಅದೇ ಮುನ್ನೂರು. ಆಗ ಹೆರಿಗೆಗಾಗಿ ಬಳ್ಳಾರಿಯ ಆಸ್ಪತ್ರೆಗೆ ಹೋದ ತಾಯಿಗೆ ಯಾವ ತಿಂಗಳಲ್ಲಾದರೂ ರಕ್ತ ಸಿಗುತ್ತದೆ.

ನಾಲ್ಕನೆಯದು ನಮ್ಮ ಸಸಿಗಳ ಲೆಕ್ಕ. ಫೆಬ್ರವರಿಯಿಂದ ಮೇ ಕೊನೆಯವರೆಗೆ ಹದಿನೇಳು ವಾರ. ವಾರಕ್ಕೆ ಎರಡು ಸಲ, ಸಲಕ್ಕೆ 10 ಲೀಟರಿನಂತೆ ಒಂದು ಸಸಿಗೆ 340 ಲೀಟರ್ ನೀರು. ನೂರು ಸಸಿಗೆ 34,000 ಲೀಟರ್. 15 ಲೀಟರಿನ ಕೊಡದಲ್ಲಿ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಕೊಡ! ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಯಾರು ಹೊರುತ್ತಾರೆ? ಹತ್ತೇ ಸಸಿ ನೆಟ್ಟರೆ ಸಲಕ್ಕೆ ಏಳು ಕೊಡ. ಹತ್ತು ಮಕ್ಕಳಿಗೆ ಅದು ಕಾಲು ಗಂಟೆಯ ಕೆಲಸ. ನೂರು ನೆಟ್ಟು ಒಂದನ್ನೂ ಉಳಿಸದವರಿಗಿಂತ ಹತ್ತು ನೆಟ್ಟು ಎಂಟನ್ನು ಉಳಿಸಿದವರೇ ದೊಡ್ಡವರಲ್ಲವೇ?

ಸಂಘ ನಡೆಸುವ ಬಗೆ

ಸಂಘವನ್ನು ನೋಂದಾಯಿಸಲು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಕನಿಷ್ಠ ಏಳು ಮಂದಿ ವಯಸ್ಕರು ಸಾಕು. ನೋಂದಣಿಗಿಂತ ಮುಖ್ಯವಾದುದು ನಡವಳಿಕೆ. ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ ಇರಲಿ. ಪ್ರತಿ ಸಭೆಯಲ್ಲೂ ಜಮಾ ಖರ್ಚನ್ನು ಗಟ್ಟಿಯಾಗಿ ಓದಲಿ. ಶಾಲು ಹಾರಗಳಿಗೆ ಆದ ಖರ್ಚನ್ನೂ ಪ್ರತ್ಯೇಕವಾಗಿ ಓದಲಿ, ತಾನಾಗಿಯೇ ಕಡಿಮೆಯಾಗುತ್ತದೆ. ಪಕ್ಷ ರಾಜಕೀಯ ಬಾಗಿಲ ಹೊರಗಿರಲಿ. ವರ್ಷಕ್ಕೆ ಒಂದು ಹೊಸ ಕೆಲಸ ಸಾಕು, ಹಳೆಯ ಕೆಲಸದ ವರದಿ ಮಾತ್ರ ಪ್ರತಿ ವರ್ಷವೂ ಬರಬೇಕು. ನಿವೃತ್ತ ಅಧ್ಯಕ್ಷರು ಒಂದು ವರ್ಷ ಸಮಿತಿಯಲ್ಲಿದ್ದು ಹೊಸಬರ ಕೈಹಿಡಿಯಲಿ. ಪದಗ್ರಹಣದಂದು ಕೊರಳ ಸರದ ಜೊತೆಗೆ ಕೆಲಸಗಳ ವಹಿಯೂ ಕೈ ಬದಲಾಗಲಿ.

ತಾಯಿ ತಂದೆಯರಿಗೆ ಒಂದು ಮಾತು. ಭಾನುವಾರದ ಎರಡು ಗಂಟೆಯಿಂದ ಮಕ್ಕಳ ಅಂಕ ಕಡಿಮೆಯಾಗುವುದಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ವರ್ಷಕ್ಕೆ ದುಡಿಯಬೇಕಾದದ್ದು 120 ಗಂಟೆ ಮಾತ್ರ. ಅಷ್ಟರಲ್ಲಿ ಅವನು ಪಂಚಾಯಿತಿಗೆ ಅರ್ಜಿ ಬರೆಯುವುದನ್ನು ಕಲಿಯುತ್ತಾನೆ. ನಾಲ್ಕು ಜನರ ಮುಂದೆ ನಿಂತು ಲೆಕ್ಕ ಒಪ್ಪಿಸುವುದನ್ನು ಅವಳು ಕಲಿಯುತ್ತಾಳೆ. ಪುಸ್ತಕದಲ್ಲಿ ಓದಿದ ಫ್ಲೋರೈಡ್ ತನ್ನ ತಂಗಿಯ ಹಲ್ಲಿನ ಮೇಲಿದೆ ಎಂದು ತಿಳಿದ ಮಗು ರಸಾಯನಶಾಸ್ತ್ರವನ್ನು ಬಾಯಿಪಾಠ ಮಾಡುವುದಿಲ್ಲ, ಅರ್ಥ ಮಾಡಿಕೊಳ್ಳುತ್ತದೆ.

ವಿದ್ಯಾರ್ಥಿಗಳೇ, ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ನಿಮಗೆ ಗೊತ್ತು. ಹನಿ ನಿಲ್ಲದೆ ಬೀಳಬೇಕು ಎಂಬುದು ಆ ಗಾದೆಯೊಳಗೇ ಇರುವ ಷರತ್ತು. ನಿಮ್ಮ ಊರಿಗೆ ಈಗ ಬೇಕಾಗಿರುವ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಒಂದು ನೋಟ್‌ಬುಕ್ಕು ತನ್ನಿ. ಮೊದಲ ಪುಟದಲ್ಲಿ ಕೆಲಸದ ಹೆಸರು ಬರೆಯಿರಿ. ನೀವು ಹತ್ತನೆಯ ತರಗತಿ ಮುಗಿಸಿ ಹೊರಡುವಾಗ ಆ ಪುಸ್ತಕವನ್ನು ಯಾರ ಕೈಗೆ ಕೊಡುತ್ತೀರಿ ಎಂಬುದನ್ನೂ ಅಂದೇ ಯೋಚಿಸಿಡಿ.